ನಾಲ್ಕರ ಮರುದಿನ ಹದಿನೈದು

ಶಾಲೆಯಲ್ಲಿ ಪಾಠ ಹೇಳುವವರಲ್ಲಿ ಇತಿಹಾಸದ ಮೇಷ್ಟರಷ್ಟು ನಿರುಪದ್ರವಿ ಪ್ರಾಣಿ ಇನ್ನೊಂದಿಲ್ಲ ಎಂಬುದು ಎಲ್ಲ ಊರುಗಳ ನಂಬಿಕೆ. ಲೆಕ್ಕದ ಮೇಷ್ಟರನ್ನು ಕಂಡರೆ ಹುಡುಗರು ಹೆದರುತ್ತಾರೆ. ಇಂಗ್ಲಿಷ್ ಮೇಷ್ಟರನ್ನು ಕಂಡರೆ ಹುಡುಗರ ಅಪ್ಪಂದಿರು ಹೆದರುತ್ತಾರೆ. ವಿಜ್ಞಾನದ ಮೇಷ್ಟರ ಕೈಯಲ್ಲಿ ಆಸಿಡ್ಡು ಇರುತ್ತದೆ, ಆದ್ದರಿಂದ ಹೆಡ್‌ಮಾಸ್ತರರೇ ಹೆದರುತ್ತಾರೆ. ನಮ್ಮ ಕೈಯಲ್ಲಿ ಇರುವುದು ಸತ್ತ ರಾಜರು ಮಾತ್ರ. ಸತ್ತ ರಾಜರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನಾನೂ ನಂಬಿದ್ದೆ. ಅವರನ್ನು ಟಿ.ವಿ.ಯಲ್ಲಿ ತೋರಿಸುವವರೆಗೆ ಅದು ನಿಜವೂ ಆಗಿತ್ತು.

ಹಗರಿಬೊಮ್ಮನಹಳ್ಳಿಗೆ ಕೇಬಲ್ ಟಿ.ವಿ. ಬಂದು ಆಗ ಮೂರು ನಾಲ್ಕು ವರ್ಷಗಳಾಗಿದ್ದವು. ಕೇಬಲ್ ನಡೆಸುತ್ತಿದ್ದವನು ಮಾಬುಸಾಬ. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ, ಆಮೇಲೆ ಮದುವೆ ಮನೆಗಳಿಗೆ ಮೈಕ್ ಕಟ್ಟಿದ, ಕಡೆಗೆ ಊರ ಮಾಳಿಗೆಗಳ ಮೇಲೆಲ್ಲ ಕರಿ ವೈರು ಎಳೆದು ಕೇಬಲ್ ಮಾಬು ಎನಿಸಿಕೊಂಡ. ಬೇರೆ ಚಾನೆಲ್ಲುಗಳ ನಡುವೆ ಅವನದೇ ಒಂದು ಚಾನೆಲ್ ಇತ್ತು. ಅದರಲ್ಲಿ ಸಂಜೆ ಹುಟ್ಟುಹಬ್ಬದ ಶುಭಾಶಯ, ಬೀಜದಂಗಡಿ ಜಾಹೀರಾತು, ಆಮೇಲೆ ಒಂದು ಸಿನಿಮಾ. ಜಾಹೀರಾತು ಮುಗಿದು ಸಿನಿಮಾ ಕ್ಯಾಸೆಟ್ಟು ಹಾಕುವವರೆಗೆ ಐದು ನಿಮಿಷ ಖಾಲಿ ಉಳಿಯುತ್ತಿತ್ತು. ಒಂದು ದಿನ ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿದ.

"ಸಾರ್, ಆ ಐದು ನಿಮಿಷದಾಗ ಪರದಿ ಮ್ಯಾಲ ಬರೇ ಚುಕ್ಕಿ ಬರ್ತಾವು. ಚುಕ್ಕಿ ಬದಲಿ ನೀವು ಬರ್ರಿ" ಎಂದ.

ಚುಕ್ಕಿಗಿಂತ ನಾನು ಮೇಲು ಎಂದು ಒಬ್ಬನಾದರೂ ಗುರುತಿಸಿದನಲ್ಲ ಎಂದು ನನಗೆ ಸಂತೋಷವಾಯಿತು. 'ಇತಿಹಾಸದಲ್ಲಿ ಇವತ್ತು' ಎಂದು ಹೆಸರಿಟ್ಟೆವು. ಆ ದಿನದ ತಾರೀಖಿನಂದು ಹಿಂದೆ ಯಾವ ಕಾಲದಲ್ಲಿ ಏನು ನಡೆದಿತ್ತು ಎಂದು ಹೇಳುವುದು ನನ್ನ ಕೆಲಸ. ಮೊದಲ ವಾರ ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ. ನನ್ನ ಹೆಂಡತಿ ಸಾವಿತ್ರಿ ಅಕ್ಕಪಕ್ಕದ ಮನೆಗಳನ್ನು ಸುತ್ತಿ ಬಂದು ವರದಿ ಒಪ್ಪಿಸಿದಳು: "ನೀವು ಬಂದ ಕೂಡ್ಲೆ ಎಲ್ಲಾರೂ ಎದ್ದು ಅಕ್ಕಿಗೆ ನೀರಿಡಾಕ ಹೋಗ್ತಾರ. ನಿಮ್ಮಿಂದ ಓಣ್ಯಾಗ ಅಡಿಗಿ ಲಗೂನ ಆಗಾಕ ಹತ್ತೈತಿ."

ಅವಮಾನದಿಂದ ಮನುಷ್ಯ ಎರಡು ದಾರಿ ಹಿಡಿಯುತ್ತಾನೆ. ಬಿಟ್ಟುಬಿಡುತ್ತಾನೆ, ಇಲ್ಲವೇ ಕಲಾವಿದನಾಗುತ್ತಾನೆ. ನಾನು ಎರಡನೆಯದನ್ನು ಹಿಡಿದೆ. ನೆಪೋಲಿಯನ್ ವಾಟರ್ಲೂನಲ್ಲಿ ಸೋತದ್ದನ್ನು ಹೇಳುವಾಗ, ಹಿಂದಿನ ರಾತ್ರಿ ಮಳೆ ಬಿದ್ದು ನೆಲ ಕೆಸರಾದ್ದರಿಂದ ಫಿರಂಗಿಗಳು ಹೂತುಹೋದವು, ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನ ಬಂಡಿ ಹೂಡಬಾರದೆಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ ಎಂದೆ. ಮರುದಿನ ಸಂತೆಯಲ್ಲಿ ರೈತರು ನೆಪೋಲಿಯನ್ನನ ಬಗ್ಗೆ ನನ್ನೊಡನೆ ಮರುಕಪಟ್ಟರು. ಕೊಲಂಬಸ್ ಎಂಬವನು, ಹಡಗಲಿ ಬಸ್ಸು ಎಂದು ತಿಳಿದು ಬೇರೆ ಬಸ್ಸು ಹತ್ತಿ, ಹರಪನಹಳ್ಳಿಯಲ್ಲಿ ಇಳಿದು, ಸಾಯುವವರೆಗೂ ಅದು ಹಡಗಲಿಯೇ ಎಂದು ವಾದಿಸಿದ ಮನುಷ್ಯ ಎಂದೆ. ಚಂದ್ರನ ಮೇಲೆ ಇಬ್ಬರು ಇಳಿದಾಗ ಮೂರನೆಯವನು ಮೇಲೆಯೇ ಗಾಡಿ ನೋಡಿಕೊಳ್ಳುತ್ತ ಸುತ್ತು ಹೊಡೆಯುತ್ತಿದ್ದ ಎಂದು ಹೇಳಿದ ಮರುದಿನ ಒಬ್ಬ ಟೆಂಪೊ ಡ್ರೈವರ್ ನನ್ನನ್ನು ನಿಲ್ಲಿಸಿ, "ಅವಂಗ ಆಮ್ಯಾಲಾದ್ರೂ ಊಟ ಹಾಕಿದ್ರೇನ್ರಿ?" ಎಂದು ಕೇಳಿದ. ಅವನ ಕಣ್ಣಲ್ಲಿ ಇಡೀ ಡ್ರೈವರ್ ಕುಲದ ಸಂಕಟವಿತ್ತು.

ಇದಕ್ಕಿಂತ ದೊಡ್ಡ ಉಪಾಯವೊಂದನ್ನು ಕಂಡುಹಿಡಿದೆ. ಇಸವಿಯನ್ನೂ ದೇಶವನ್ನೂ ಮೊದಲು ಹೇಳದೆ ಕೊನೆಯಲ್ಲಿ ಹೇಳುವುದು. ಜನ ಇವತ್ತಿನ ವಾರ್ತೆ ಎಂದುಕೊಂಡು ಬಾಯಿ ತೆರೆದು ಕೂರುತ್ತಿದ್ದರು. ಡಿಸೆಂಬರಿನ ಒಂದು ಸಂಜೆ, "ಕೆಲವರು ವೇಷ ಹಾಕಿಕೊಂಡು ಬಂದು ಪೆಟ್ಟಿಗೆಗಟ್ಟಲೆ ಚಹಾಪುಡಿಯನ್ನು ನೀರಿಗೆ ಸುರಿದಿದ್ದಾರೆ" ಎಂದು ಶುರು ಮಾಡಿದೆ. ಅದು ಅಮೆರಿಕದ ಬಾಸ್ಟನ್ ಬಂದರಿನ ಸಂಗತಿ ಎಂದು ನಾನು ಹೇಳುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹೋಟೆಲ್ ಕೊಟ್ರಪ್ಪ ತನ್ನ ಚಹಾಪುಡಿ ಡಬ್ಬಿಗಳನ್ನು ಒಳಗೆ ಸಾಗಿಸಿ ಬೀಗ ಹಾಕಿದ್ದ. ನಿಜ ತಿಳಿದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. "ಸುರಿಯೋದ ಸುರಿದ್ರು, ಬಿಸಿನೀರಿಗೆ ಸುರೀಬೇಕಿತ್ತು" ಎಂದ.

ಇನ್ನು ಆ ಅಕ್ಟೋಬರ್ ನಾಲ್ಕನೇ ತಾರೀಖಿಗೆ ಬರುತ್ತೇನೆ. ಆರು ದಿನ ಬಿಟ್ಟು, ಹತ್ತನೇ ತಾರೀಖಿಗೆ, ಮಾಬುವಿನ ತಂಗಿ ಶಮೀಮಳ ನಿಕಾಹ್ ಗೊತ್ತಾಗಿತ್ತು. ಗಂಡು ಹರಪನಹಳ್ಳಿಯವನು, ಟ್ರ್ಯಾಕ್ಟರ್ ಮೆಕ್ಯಾನಿಕ್. ಮಾಬು ಶಾಮಿಯಾನ, ಅಡುಗೆಯವರು, ಅತ್ತರು ಎಂದು ಓಡಾಡುತ್ತಿದ್ದ. ನಾನು ಕ್ಯಾಮೆರಾದ ಮುಂದೆ ಕೂತು ಅಂದಿನ ವಿಷಯ ಎತ್ತಿಕೊಂಡೆ. ವಿಷಯ ಬಹಳ ರುಚಿಯಾದದ್ದು. ಕ್ಯಾಲೆಂಡರು ಸೂರ್ಯನಿಗಿಂತ ಹಿಂದೆ ಬಿದ್ದಿದೆಯೆಂದು ರೋಮಿನ ಪೋಪ್ ಒಬ್ಬರು ನಾಲ್ಕು ನೂರು ವರ್ಷಗಳ ಹಿಂದೆ ಅಕ್ಟೋಬರಿನ ಹತ್ತು ದಿನಗಳನ್ನೇ ತೆಗೆದುಹಾಕಿಸಿದರು. ಯುರೋಪಿನ ಕೆಲವು ದೇಶಗಳ ಜನ ನಾಲ್ಕನೇ ತಾರೀಖು ಮಲಗಿ ಹದಿನೈದನೇ ತಾರೀಖು ಎದ್ದರು. ನಾನು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದೆ: "ಇವತ್ತು ಅಕ್ಟೋಬರ್ ನಾಲ್ಕು. ನಾಳೆ ಬೆಳಿಗ್ಗೆ ನೀವು ಏಳುವುದು ಐದನೇ ತಾರೀಖಿಗಲ್ಲ. ಐದರಿಂದ ಹದಿನಾಲ್ಕರವರೆಗೆ ಹತ್ತು ದಿನಗಳನ್ನು ಆಳುವವರು ರದ್ದು ಮಾಡಿದ್ದಾರೆ. ಏಕೆಂದರೆ..."

ಕರೆಂಟು ಹೋಯಿತು.

ಹೋದದ್ದು ಮರುದಿನ ಬೆಳಗಿನವರೆಗೆ ಬರಲಿಲ್ಲ. ನನ್ನ 'ಏಕೆಂದರೆ'ಯನ್ನು ಊರಿನವರು ತಮ್ಮ ತಮ್ಮ ಅನುಕೂಲಕ್ಕೆ ತಕ್ಕಂತೆ ತುಂಬಿಕೊಂಡರು. ದಿನಗಳೇ ಇರುವುದಿಲ್ಲವೆಂದು ನಂಬುವಷ್ಟು ದಡ್ಡರು ನಮ್ಮ ಊರಲ್ಲಿ ಯಾರೂ ಇಲ್ಲ. ಅವರು ಅದನ್ನು ಬುದ್ಧಿವಂತಿಕೆಯಿಂದ ಅರ್ಥ ಮಾಡಿಕೊಂಡರು. ಹತ್ತು ದಿನ ರದ್ದು ಎಂದರೆ ಹತ್ತು ದಿನ ಬಂದ್. ಹತ್ತು ದಿನ ಬಂದ್ ಎಂದರೆ ಬಸ್ಸಿಲ್ಲ. ಕೂಡಲೇ ಕರೆಂಟು ತೆಗೆದಿದ್ದಾರೆ ಎಂದರೆ ಮೇಲಿನಿಂದಲೇ ಆರ್ಡರ್ ಬಂದಿದೆ. ನಾನು ಮನೆಗೆ ನಡೆದು ಬರುವಾಗ ಕತ್ತಲಲ್ಲಿ ಯಾರೋ, "ಮಾಸ್ತರಿಗೆ ಮೊದಲೇ ಸುದ್ದಿ ಗೊತ್ತಿತ್ತು, ಹೇಳಾಕ ಬಿಡಲಿಲ್ಲ" ಎಂದದ್ದು ಕೇಳಿಸಿತು. ಯಾವುದೋ ಪಂಪ್‌ಸೆಟ್ಟಿನ ವಿಷಯವಿರಬೇಕು ಎಂದುಕೊಂಡೆ. ಆ ಸಂಜೆ ಹರಪನಹಳ್ಳಿಗೆ ಹೊರಟಿದ್ದ ಬಸ್ಸು ನನ್ನ ಅರ್ಧ ವಾಕ್ಯವನ್ನೂ ಹತ್ತಿಸಿಕೊಂಡು ಹೋಯಿತು.

ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಮಾಬು ಲುಂಗಿಯಲ್ಲೇ ಓಡಿಬಂದ. "ಸಾರ್, ನಡೀರಿ. ಬೀಗರು ಬಂದಾರ."

"ಯಾವ ಬೀಗರು?"

"ಹತ್ತನೇ ತಾರೀಖಿನ ಬೀಗರು. ಎರಡು ಟೆಂಪೊದಾಗ ಬಂದಾರ. ಮದಿಮಗನ್ನೂ ಕರಕೊಂಡ ಬಂದಾರ."

ನಾನು ಬಾಯಿ ತೊಳೆಯದೆ ಹೋದೆ. ಮಾಬುವಿನ ಮನೆಯ ಮುಂದೆ ಶಾಮಿಯಾನ ಇರಬೇಕಾದ ಜಾಗದಲ್ಲಿ ಒಗೆದು ಹಾಕಿದ ಬಟ್ಟೆಗಳು ಒಣಗುತ್ತಿದ್ದವು. ಅವುಗಳ ಕೆಳಗೆ, ಒದ್ದೆ ಸೀರೆಯೊಂದರ ನೀರು ಪೇಟದ ಮೇಲೆ ತೊಟ್ಟಿಕ್ಕುತ್ತಿರಲು, ಮದುಮಗ ನೆಟ್ಟಗೆ ಕೂತಿದ್ದ. ಅವನ ಸೋದರಮಾವ ಚಮನ್‌ಸಾಬ್ ಬಾಗಿಲಲ್ಲಿ ನಿಂತಿದ್ದರು. ಬಿಳಿ ಗಡ್ಡ, ದೊಡ್ಡ ದನಿ. ಒಳಗೆ ಮಾಬುವಿನ ತಾಯಿ ಅಳುತ್ತಿದ್ದಳು. ಅಡುಗೆಯವರಿಲ್ಲ, ಮದುಮಗಳ ಬಟ್ಟೆ ಇನ್ನೂ ದರ್ಜಿಯ ಹತ್ತಿರ, ಮನೆಯಲ್ಲಿ ಇದ್ದದ್ದು ಹಿಂದಿನ ರಾತ್ರಿಯ ರೊಟ್ಟಿ.

"ಹತ್ತು ದಿನ ಏನೂ ಇರಂಗಿಲ್ಲ ಅಂದ್ರು. ಬಂದ್ ಆಗೋದ್ರೊಳಗ ಶಾದಿ ಮುಗಿಸಾಣ ಅಂತ ನಸುಕಿನ್ಯಾಗ ಹೊಂಟು ಬಂದ್ವಿ" ಎಂದರು ಚಮನ್‌ಸಾಬ್. "ಈಗ ನೋಡಿದ್ರ ಬಸ್ಸು ಓಡಾಡಕತ್ಯಾವು. ಯಾರ್ರಿ ಅದು, ಹತ್ತು ದಿನ ರದ್ದು ಮಾಡಿದವ್ರು?"

ಎಲ್ಲರೂ ನನ್ನ ಕಡೆ ನೋಡಿದರು. ಬಾಯಲ್ಲಿ ಇನ್ನೂ ಹಲ್ಲುಪುಡಿ ಇತ್ತು. ನುಂಗಿಕೊಂಡು, "ರೋಮಿನ ಪೋಪ್ ಅಂತ ಇದ್ದರು" ಎಂದೆ.

"ಅವ್ರಿಗೂ ಬೊಮ್ಮನಹಳ್ಳಿಗೂ ಏನು ಸಂಬಂಧ?"

"ಏನೂ ಇಲ್ಲ."

"ಈಗ ಎಲ್ಲದಾರ ಅವ್ರು?"

"ತೀರಿಕೊಂಡು ನಾಲ್ಕು ನೂರು ವರ್ಷ ಆಯ್ತು."

ಚಮನ್‌ಸಾಬ್ ತಲೆಯ ಟೋಪಿ ಸರಿಮಾಡಿಕೊಂಡರು. "ಪಾಪ" ಎಂದರು. ಆಮೇಲೆ ದನಿ ಮತ್ತೆ ಏರಿತು. ಎರಡು ಟೆಂಪೊ ತುಂಬ ನೆಂಟರನ್ನು ಕರೆದುಕೊಂಡು ಬಂದು, ನಿಕಾಹ್ ಇಲ್ಲದೆ ಮದುಮಗನನ್ನು ಪೇಟದ ಸಮೇತ ವಾಪಸ್ಸು ಕರೆದೊಯ್ದರೆ ಹರಪನಹಳ್ಳಿಯಲ್ಲಿ ಏನಂದುಕೊಳ್ಳುತ್ತಾರೆ, ಹೆಣ್ಣಿನವರು ಬೇಡವೆಂದು ಕಳಿಸಿದರು ಎನ್ನುವುದಿಲ್ಲವೇ ಎಂದರು. ಸಿದ್ಧತೆಯೇ ಇಲ್ಲದೆ ಇದ್ದೊಬ್ಬ ತಂಗಿಯ ಮದುವೆ ಹೇಗೆ ಮಾಡಲಿ ಎಂದು ಮಾಬು. ಮಾತಿಗೆ ಮಾತು ಬೆಳೆಯಿತು. ಚಮನ್‌ಸಾಬ್, "ಹತ್ತೋ ಟೆಂಪೊ" ಎಂದೇ ಬಿಟ್ಟರು. ಮದುಮಗ ಅರ್ಧ ಎದ್ದ. ಸತ್ತ ರಾಜರು ಎಷ್ಟೋ ಸಂಬಂಧಗಳನ್ನು ಮುರಿದಿದ್ದಾರೆ, ನಿಜ. ಆದರೆ ನನ್ನ ಬಾಯಿಂದ ಒಂದು ಸಂಬಂಧ ಮುರಿಯುತ್ತಿತ್ತು, ಅದೂ ಹಲ್ಲುಪುಡಿ ಇದ್ದ ಬಾಯಿಂದ.

ಅಷ್ಟರಲ್ಲಿ ಒಳಗಿನಿಂದ ಸಾವಿತ್ರಿ ಬಂದಳು. ಅವಳು ಯಾವಾಗ ಒಳಗೆ ಹೋಗಿದ್ದಳೋ ನನಗೆ ತಿಳಿಯದು. "ಶಮೀಮ ಹೇಳ್ಯಾಳ" ಎಂದಳು. "ಬಂದವ್ರನ್ನ ಕಳಿಸೋದು ಬ್ಯಾಡಂತ. ಅರಿಷಿಣ ಹಚ್ಚಿಸಿಕೊಂಡು ಇನ್ನ ಐದು ದಿನ ಮೂಲ್ಯಾಗ ಕುಂದ್ರೋದು ಆಕಿಗೂ ಬ್ಯಾಸರಾಗೈತಂತ. ಬಟ್ಟಿ ಹೊಲಿದಷ್ಟು ಬರಲಿ ಅಂದ್ಲು."

ಮದುಮಗ ಮೆಲ್ಲಗೆ ಮತ್ತೆ ಕೂತ. ಅವನ ಮುಖ ನೋಡಿದರೆ ಒದ್ದೆ ಸೀರೆಯ ಕೆಳಗೆ ಹತ್ತು ದಿನ ಬೇಕಾದರೂ ಕೂರುವವನಂತೆ ಕಂಡ. ಚಮನ್‌ಸಾಬ್ ಗಡ್ಡ ನೀವಿಕೊಂಡು, "ಹುಡುಗಿ ಶಾಣ್ಯಾಕಿ ಅದಾಳ" ಎಂದರು. ಕಾಜಿಯವರನ್ನು ಕರೆಸಿ, ತಾರೀಖು ಬದಲಾದರೆ ನಡೆಯುತ್ತದೆಯೇ ಎಂದು ಕೇಳಿದರು. ಕಾಜಿಯವರು ಎಲ್ಲ ಕೇಳಿಸಿಕೊಂಡು ಹೇಳಿದರು: "ನಮ್ಮ ತಿಂಗಳು ಚಂದ್ರನ್ನ ನೋಡಿ ನಡೀತೈತಿ. ಚಂದ್ರ ನಿನ್ನಿನೂ ಇದ್ದ, ಇವತ್ತೂ ಬರ್ತಾನ. ಅವನ್ನ ಯಾರೂ ರದ್ದು ಮಾಡಿಲ್ಲ."

ಮುಂದಿನದೆಲ್ಲ ಓಣಿಯವರ ಕೆಲಸ. ಕೊಟ್ರಪ್ಪ ಹೋಟೆಲಿನಿಂದ ದೊಡ್ಡ ಪಾತ್ರೆಗಳನ್ನು ಕಳಿಸಿದ. ದರ್ಜಿಯ ಅಂಗಡಿಯಲ್ಲಿ ಇಬ್ಬರು ಎರಡು ತೋಳುಗಳನ್ನು ಒಂದೇ ಸಲ ಹೊಲಿಯಲು ಕೂತರು. ನಮ್ಮ ಮನೆಯ ಒಲೆಯ ಮೇಲೆ ಗೋದಿ ಹುಗ್ಗಿ ಏರಿತು. ಊರಿನವರಿಗೆ ಹೇಳುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ಕರೆಂಟು ಬಂದಿತ್ತು. ಮಾಬು ನನ್ನನ್ನು ಕ್ಯಾಮೆರಾದ ಮುಂದೆ ಕೂರಿಸಿ, "ಈಗ ಮೊದಲಿಗೆ ತಾರೀಖು, ಊರು ಎಲ್ಲಾ ಹೇಳಿಬಿಡ್ರಿ" ಎಂದ. ಹಾಗೇ ಹೇಳಿದೆ. ಬಂದ್ ಇಲ್ಲ, ಇಂದು ಅಕ್ಟೋಬರ್ ಐದು, ಊರು ಹಗರಿಬೊಮ್ಮನಹಳ್ಳಿ, ಮಧ್ಯಾಹ್ನ ಶಮೀಮಳ ನಿಕಾಹ್ ನಡೆಯಲಿದೆ, ಎಲ್ಲರೂ ಊಟಕ್ಕೆ ಬನ್ನಿ ಎಂದು ಎರಡು ಸಲ ಹೇಳಿದೆ.

ಊಟದ ಹೊತ್ತಾಯಿತು. ಓಣಿಯವರನ್ನು ಬಿಟ್ಟರೆ ಯಾರೂ ಬರಲಿಲ್ಲ. ಪಾತ್ರೆ ತುಂಬ ಪಲಾವು ಆರುತ್ತಿತ್ತು. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಅಲ್ಲಿ ಬಹಳ ಜನ ಟಿ.ವಿ. ನೋಡಿದ್ದರು, ನನ್ನ ಮಾತು ಪೂರ್ತಿ ಕೇಳಿದ್ದರು, ಚೆನ್ನಾಗಿ ಹೇಳಿದಿರಿ ಎಂದು ಮೆಚ್ಚಿಯೂ ಕೊಂಡರು. ಪಾತ್ರೆಗಳನ್ನು ತಾನೇ ಕಳಿಸಿದ್ದ ಕೊಟ್ರಪ್ಪ ಮಾತ್ರ ನಗುತ್ತಿದ್ದ. ಉಳಿದವರಲ್ಲಿ ಒಬ್ಬ ವಿನಯದಿಂದ ಕೇಳಿದ: "ಯಾವ ಇಸವಿ ಮದಿವಿ ಸಾರ್ ಅದು? ಕರೆಂಟು ಹೋಗಲಿಲ್ಲ, ಆದ್ರೂ ನೀವು ಇಸವಿ ಹೇಳಲಿಲ್ಲ."

ಕೊನೆಗೆ ಚಮನ್‌ಸಾಬ್ ತಮ್ಮ ಟೆಂಪೊ ಒಂದನ್ನು ಊರೊಳಗೆ ಕಳಿಸಿದರು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇವತ್ತಿನ ಊಟ, ಇವತ್ತಿನ ಊಟ" ಎಂದು ಕೂಗುತ್ತ ಜನರನ್ನು ತುಂಬಿಕೊಂಡು ಬಂದ. ನಿಕಾಹ್ ಚೆನ್ನಾಗಿ ಆಯಿತು. ಪಲಾವಿನ ಪಕ್ಕದಲ್ಲಿ ಬಡಿಸಿದ ಗೋದಿ ಹುಗ್ಗಿಯನ್ನು ಹರಪನಹಳ್ಳಿಯವರು ಎರಡೆರಡು ಸಲ ಹಾಕಿಸಿಕೊಂಡರು. ಹೊರಡುವಾಗ ಶಮೀಮ ಅತ್ತಳು, ಮಾಬು ಅತ್ತ, ನನಗೂ ಕಣ್ಣು ತುಂಬಿತು. ಚಮನ್‌ಸಾಬ್ ನನ್ನ ಭುಜ ಹಿಡಿದು, "ಹತ್ತು ದಿನ ತಗದ್ರೂ ಒಂದು ಒಳ್ಳೇ ದಿನ ಕೊಟ್ರಿ ಬಿಡ್ರಿ" ಎಂದರು. ಆ ಮಾತಿನಲ್ಲೇ ತೇಲುತ್ತ ಮನೆಗೆ ಬಂದೆ.

ಅಂದು ಶಾಲೆ ಇತ್ತೆಂಬುದು ನೆನಪಾದದ್ದು ಮರುದಿನ ಬೆಳಿಗ್ಗೆ. ದಸರಾ ರಜೆ ಇನ್ನೂ ಶುರುವಾಗಿರಲಿಲ್ಲ. ನಮ್ಮ ಹೆಡ್‌ಮಾಸ್ತರರು ಜೀವನದಲ್ಲಿ ಒಂದು ಸಲವೂ ನಕ್ಕವರಲ್ಲ. ಅವರ ಟೇಬಲ್ಲಿನ ಮುಂದೆ ಹೋಗಿ ನಿಂತು, "ನಿನ್ನೆಗೆ ಒಂದು ರಜೆ ಹಾಕುತ್ತೇನೆ ಸಾರ್" ಎಂದೆ.

"ಯಾಕ ಹಾಕ್ತೀರಿ?" ಎಂದರು ಅವರು, ತಲೆ ಎತ್ತದೆ. "ನಾಕರ ಮರುದಿನ ಹದಿನೈದು ಅಂತ ನೀವ ಹೇಳೀರಿ. ಐದನೇ ತಾರೀಖು ಇರಲೇ ಇಲ್ಲಂದಮ್ಯಾಲ ನೀವು ಬರಲಿಲ್ಲ ಅಂತ ಹೆಂಗ ಅನ್ನಲಿ?"

ಇಂಥ ದೊಡ್ಡ ಮನಸ್ಸಿನ ಮನುಷ್ಯರನ್ನು ಇಷ್ಟು ವರ್ಷ ತಪ್ಪು ತಿಳಿದಿದ್ದೆನಲ್ಲ ಎಂದು ಕೈ ಮುಗಿದು, ಹಾಜರಿಗೆ ಸಹಿ ಮಾಡಲು ಪೆನ್ನು ತೆಗೆದೆ. ಅವರು ಹಾಜರಿ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು.

"ಎಲ್ಲಿಗೆ ಸಹಿ ಮಾಡ್ತೀರಿ ಮಾಸ್ತರ? ಇವತ್ತು ಆರು. ಇದೂ ಇಲ್ಲ. ಹದಿನಾಲ್ಕರ ತನಕ ಯಾವುದೂ ಇಲ್ಲ. ಇಲ್ಲದ ದಿನಕ್ಕ ನಾನು ಪಗಾರ ಹೆಂಗ ಬರೀಲಿ?"

ನಮ್ಮನ್ನಾಳಿದ ಇಂಗ್ಲೆಂಡಿನವರು ಆ ಕ್ಯಾಲೆಂಡರನ್ನು ಒಪ್ಪಿದ್ದು ಎಷ್ಟೋ ಕಾಲದ ಮೇಲೆ, ನಮ್ಮ ಬಳ್ಳಾರಿ ಜಿಲ್ಲೆಯಲ್ಲಂತೂ ಆ ಹತ್ತು ದಿನಗಳೂ ಸೂರ್ಯ ಸರಿಯಾಗಿ ಹುಟ್ಟಿ ಮುಳುಗಿದ್ದಾನೆ ಎಂದು ನನಗೆ ಗೊತ್ತಿದ್ದ ಇತಿಹಾಸವನ್ನೆಲ್ಲ ಅಲ್ಲೇ ನಿಂತು ಒಪ್ಪಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಯುರೋಪಿನಲ್ಲಿ ಹತ್ತು ದಿನ ಕಳೆದುಕೊಂಡವರು ಅವನ್ನು ಮರಳಿ ಪಡೆಯಲು ಏನು ಮಾಡಿದರೋ ನನಗೆ ತಿಳಿಯದು. ನಾನು ಮಾತ್ರ ಐದನೇ ತಾರೀಖಿಗೆ ಒಂದು ರಜೆ ಚೀಟಿ ಬರೆದುಕೊಟ್ಟು, ಉಳಿದ ಒಂಬತ್ತು ದಿನಗಳನ್ನು ಬಿಡಿಸಿಕೊಂಡು ಬಂದೆ.