ಹಂಚಿನ ಶೆಡ್ಡಿನಲ್ಲಿ ಏಷ್ಯಾ ಖಂಡ

ಏಷ್ಯಾ ಖಂಡ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನೀವು ಭೂಪಟ ಹುಡುಕುತ್ತೀರಿ. ನಾನಾದರೆ, ಖಾನಾಪುರ ಸ್ಟೇಷನ್ನಿನಲ್ಲಿ ಇಳಿದು ಆಟೊ ಹಿಡಿಯಿರಿ, ‘ಹುಚ್ಚು ಬಾಯಾರ ಶೆಡ್’ ಎಂದರೆ ಸಾಕು ಎನ್ನುತ್ತೇನೆ. ಆ ಶೆಡ್ಡಿನಲ್ಲಿ ಚೀನಾಕ್ಕೂ ಇರಾನಿಗೂ ನಡುವೆ ಒಂದು ಒಲೆ ಇದೆ. ಒಲೆಯ ಮುಂದೆ ಆ ಬಾಯಾರು, ನಮ್ಮ ಅತ್ತೆ, ಇದ್ದಾಳೆ. ಎರಡೂ ಸದಾ ಉರಿಯುತ್ತಿರುತ್ತವೆ!

ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, “ಡ್ಯೂಟಿ ಇತ್ತು” ಎನ್ನುತ್ತಾಳೆ. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಅರ್ಧ ಆಯುಷ್ಯ ಕಳೆದವಳು. ಅವಳ ಜೊತೆ ಕೆಲಸ ಮಾಡಿದವರೆಲ್ಲ ಶ್ರೀಲಂಕಾ, ಫಿಲಿಪೀನ್ಸ್, ಇಂಡೋನೇಷ್ಯಾ, ಬರ್ಮಾ ಕಡೆಯವರು. ಅವರೆಲ್ಲ ರಜೆಗೆ ಊರಿಗೆ ಹೋಗುವಾಗ ಬಂಗಾರ ಒಯ್ದರು. ಅತ್ತೆ ಅವರ ಊರುಗಳಿಂದ ಮುಖವಾಡ, ಗಂಟೆ, ಚಾಪೆ, ಹೂಜಿ ತರಿಸಿಕೊಂಡಳು; ಉಳಿದ ದೇಶಗಳವು ಮಸ್ಕತ್ತಿನ ಸಂತೆಯಲ್ಲೇ ಸಿಕ್ಕವು. ನಿವೃತ್ತಳಾಗಿ ಬಂದ ದಿನ ಅವಳ ಹಿಂದೆ ಒಂದು ಲಾರಿಯೂ ಬಂತು. ಪೆಟ್ಟಿಗೆಗಳನ್ನು ಎಣಿಸಿ ಅಂದೇ ಡೈರಿಯಲ್ಲಿ ಬರೆದಿಟ್ಟೆ: ಒಟ್ಟು ಹತ್ತೊಂಬತ್ತು; ಅದರಲ್ಲಿ ಸೀರೆ ಇದ್ದದ್ದು ಅರ್ಧ ಪೆಟ್ಟಿಗೆ. ಎಣಿಸುವುದು ನನ್ನ ಚಟ. ಅಪ್ಪ ಇದನ್ನು ಶಿಸ್ತು ಎನ್ನುತ್ತಾನೆ, ಅಮ್ಮ ರೋಗ ಎನ್ನುತ್ತಾಳೆ. ಅತ್ತೆ ಮಾತ್ರ, “ಏ ಹುಡುಗಿ, ನಿನಗ ಮ್ಯೂಝಿಯಮ್ಮಿನಾಗ ನೌಕರಿ ಪಕ್ಕಾ” ಎಂದಳು. ಆಗ ಮ್ಯೂಸಿಯಂ ಇನ್ನೂ ಹುಟ್ಟಿಯೇ ಇರಲಿಲ್ಲ.

ಅದು ಹುಟ್ಟಬೇಕಾಗಿದ್ದ ಜಾಗ ಖಾನಾಪುರದ ನಮ್ಮ ಹಳೆಯ ಹಂಚಿನ ಕಾರ್ಖಾನೆಯ ಶೆಡ್. ಅಜ್ಜನ ಕೊನೆಗಾಲದಲ್ಲೇ ಭಟ್ಟಿ ಆರಿಹೋಗಿತ್ತು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ ಮಾಡುವ ಅಪ್ಪನಿಗೆ ಮಳೆಗಾಲದಲ್ಲಿ ಬೆಲ್ಲ ಇಡಲು ಅದೇ ಶೆಡ್ ಬೇಕಾಗಿತ್ತು. ಒಂದು ದಿನ ಅಳತೆ ಟೇಪು ಹಿಡಿದು ಬಂದ. ಗೋಡೆಯಿಂದ ಗೋಡೆಗೆ ಅಳೆದ. ನಡುವೆ ನಿಂತಿದ್ದ ತಂಗಿಯನ್ನು ಕಂಬ ಎಂದು ತಿಳಿದು ಸುತ್ತುಹಾಕಿ ಅಳೆದ.

“ಮಳಿ ಬಂತಂದ್ರ ಬೆಲ್ಲ ಕರಗತೈತಿ. ನಿನ್ನ ಮುಖವಾಡ ಕರಗ್ತಾವೇನು?” ಎಂದ.

“ಶೆಡ್ ಕಸಗೊಂಡ್ರ ಈ ಮುಖಾನ ಕರಗತೈತಿ ನೋಡಣ್ಣಾ” ಎಂದು ಅತ್ತೆ ತನ್ನ ಮುಖ ತೋರಿಸಿದಳು.

ಅಪ್ಪ ವ್ಯಾಪಾರಿ. ಕರಗುವ ಮಾಲಿನ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೂಡಲೇ ಷರತ್ತು ಹಾಕಿದ. “ಯುಗಾದಿಗೆ ಚಾಲೂ ಮಾಡು. ಮಣ್ಣೆತ್ತಿನ ಅಮಾಸಿ ಒಳಗ ಒಬ್ಬರರೆ ತಾವಾಗಿ ಎರಡನೇ ಸಲ ನೋಡಾಕ ಬರಬೇಕು. ಹುಚ್ಚರನ್ನ ನೋಡಾಕ ಮೊದಲನೇ ಸಲ ಯಾರರೆ ಬರ್ತಾರ. ಎರಡನೇ ಸಲ ಬಂದ್ರ ಮಾಲು ಚಲೋ ಐತಿ ಅಂತ ಅರ್ಥ. ಮನಿಯವರು ಲೆಕ್ಕಕ್ಕಿಲ್ಲ. ಯಾರೂ ಬರಲಿಲ್ಲಂದ್ರ ಶೆಡ್ ಬೆಲ್ಲಕ್ಕ.”

ಅತ್ತೆ ಒಪ್ಪಿದಳು. ಅಪ್ಪ ಗೆದ್ದ ಸಂತೋಷದಲ್ಲಿ ಟೇಪನ್ನು ಅಲ್ಲಿಯೇ ಮರೆತು ಹೋದ.

ಈಗ ಮ್ಯೂಸಿಯಮ್ಮಿನ ಒಳಗೆ ಬನ್ನಿ. ಬೇರೆ ಕಡೆ ‘ಮುಟ್ಟಬಾರದು’ ಎಂಬ ಬೋರ್ಡು ಇರುತ್ತದೆ. ಇಲ್ಲಿ ‘ಕೈ ತೊಳಕೊಂಡು ಮುಟ್ಟಿರಿ’ ಎಂದಿದೆ. ನಮ್ಮದು ಬಸವಣ್ಣನವರ ದಾರಿಯ ಮನೆತನ; ಕಾಯಕ ಮಾಡದೆ ಉಣ್ಣುವುದು ನಾಚಿಕೆಯ ಸಂಗತಿ. ಈ ನಿಯಮವನ್ನು ಎಲ್ಲರೂ ಮನುಷ್ಯರಿಗೆ ಅನ್ವಯಿಸುತ್ತಾರೆ, ಅತ್ತೆ ವಸ್ತುಗಳಿಗೂ ಅನ್ವಯಿಸಿದಳು! ಸುಮ್ಮನೆ ಕುಳಿತು ನೋಡಿಸಿಕೊಳ್ಳುವ ವಸ್ತುವಿಗೆ ಅವಳ ಶೆಡ್ಡಿನಲ್ಲಿ ಜಾಗ ಇಲ್ಲ. ಹೀಗಾಗಿ ಅವಳು ಹೇಳಿದಂತೆ ನಾನು ಟೈಪು ಮಾಡಿದ ಚೀಟಿಗಳು ಹೀಗಿದ್ದವು: ‘ಹೆಸರು: ಚರ್ಮದ ಗೊಂಬೆ. ಊರು: ಇಂಡೋನೇಷ್ಯಾ. ಕಾಯಕ: ಹಪ್ಪಳದ ಮೇಲಿನ ಕಾಗೆ ಓಡಿಸುವುದು.’ ‘ಹೆಸರು: ಭರಣಿ. ಊರು: ಚೀನಾ. ಕಾಯಕ: ಮಾವಿನ ಉಪ್ಪಿನಕಾಯಿ.’ ಬರ್ಮಾದ ಅರಗಿನ ಡಬ್ಬಿಯಲ್ಲಿ ಅಡಿಕೆ ಇತ್ತು. ಥಾಯ್ಲೆಂಡಿನ ಗಂಟೆ ಬಾರಿಸಿದರೆ ಊಟ. ಜಪಾನಿನ ಬೀಸಣಿಗೆ ಒಲೆಯ ಕೆಂಡಕ್ಕೆ. ಶ್ರೀಲಂಕಾದ ಕೋರೆಹಲ್ಲಿನ ಮುಖವಾಡದ ಕಾಯಕ ಏನು ಎಂದು ಕೇಳಿದ್ದಕ್ಕೆ, “ನಿಮ್ಮಪ್ಪ ಬಂದಾಗ ಹಾಕ್ಕೊಳ್ಳಾಕ” ಎಂದಳು.

ಮೂಲೆಯ ಕಟ್ಟೆಯ ಮೇಲೆ ಒಂದೇ ಒಂದು ವಸ್ತುವಿನ ಮೇಲೆ ಬಟ್ಟೆ ಮುಚ್ಚಿತ್ತು. ಚೀಟಿಯನ್ನೂ ಅತ್ತೆ ತಾನೇ ಬರೆದು ಬಟ್ಟೆಯ ಒಳಗೆ ಇಟ್ಟಿದ್ದಳು. ಏನದು ಎಂದೆ.

“ನನ್ನ ಸಂಗ್ರಹದ ಮೊದಲನೇ ವಸ್ತು. ಎರಡನೇ ಸಲ ಬಂದವರಿಗೆ ಅಷ್ಟ ತೋರಸಾಕಿ.”

ನೋಡಿ ಜಾಣತನ! ಆಸೆ ಹುಟ್ಟಿಸಿ ಎರಡನೇ ಸಲ ಕರೆಸುವ ಉಪಾಯ. ಆದರೆ ಅತ್ತೆಗೆ ಒಂದು ವಿಷಯ ತಿಳಿದಿರಲಿಲ್ಲ. ಜನ ಎರಡನೇ ಸಲ ಬರದಿರಲು ಕಾರಣ ವಸ್ತುಗಳಲ್ಲ, ಅವಳೇ!

ದೇಸೂರಿನಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ಫೋಟೊ ತೆಗೆಸಿಕೊಳ್ಳಲು ಬಂತು. ಅತ್ತೆ ಫಿಲಿಪೀನ್ಸಿನ ಚಾಪೆಯ ಮೇಲೆ ಕೂರಿಸಿ ಝುಣಕ, ರೊಟ್ಟಿ ಬಡಿಸಿದಳು. ಅಲ್ಲಿಯವರೆಗೆ ಸುಖವಾಗಿತ್ತು. ಆಮೇಲೆ ಇಬ್ಬರ ರಕ್ತದ ಒತ್ತಡ ನೋಡಿದಳು. ಹುಡುಗನದು ಜಾಸ್ತಿ ಬಂತು. “ಯವ್ವಾ, ಇಂವಗ ಉಪ್ಪು ಕಡಿಮಿ ಹಾಕು, ಸಿಟ್ಟಿಗೂ ಬರಬ್ಯಾಡ” ಎಂದು ಹುಡುಗಿಗೆ ಬುದ್ಧಿ ಹೇಳಿದಳು. ಅವರು ಹೋದ ದಾರಿಯಲ್ಲಿ ಮತ್ತೆ ಬರಲಿಲ್ಲ. ಪಕ್ಕದ ಓಣಿಯ ಮರಾಠಿ ಮಾವಶಿ, “ಅಗಬಾಯಿ!” ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡೇ ಇಡೀ ಏಷ್ಯಾ ಸುತ್ತಿ, ಕೊನೆಗೆ ಕೇಳಿದ್ದು ಉಪ್ಪಿನಕಾಯಿ ಹಾಕುವ ರೀತಿ. ಅದನ್ನು ಬರೆಸಿಕೊಂಡ ಮೇಲೆ ಅವರು ಯಾಕೆ ಬಂದಾರು?

ಆಗ ಅತ್ತೆ ಊರಿನ ಹೊರಗಿನಿಂದಲೇ ಜನರನ್ನು ಹಿಡಿದು ತರಲು ಹೊರಟಳು. ಬೆಳಗಾವಿ ದಾಟಿ ಸಾಂಬ್ರಾ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತಳು. ಉಳಿದವರು ಬರುವವರ ಹೆಸರಿನ ಹಲಗೆ ಹಿಡಿದಿದ್ದರೆ ಇವಳ ಹಲಗೆಯ ಮೇಲೆ ‘ಏಷ್ಯಾ ಕಡೆಗೆ’ ಎಂದಿತ್ತು. ಟ್ಯಾಕ್ಸಿಯವನೊಬ್ಬ ಬಹಳ ಹೊತ್ತು ನೋಡಿ, ಹತ್ತಿರ ಬಂದು ವಿನಯದಿಂದ ಕೇಳಿದ:

“ಬಾಯಾರ, ಹಂಗಾರ ಈಗ ನಾವು ನಿಂತದ್ದು ಯಾವ ಖಂಡದಾಗ್ರಿ?”

ಅತ್ತೆ ಅವನನ್ನೇ ಹಿಡಿದು ತಂದಳು. ಅವನು ಊಟ ಮಾಡಿ, ಒತ್ತಡ ನೋಡಿಸಿಕೊಂಡು, ಬಾಡಿಗೆ ಬೇಡ ಎಂದು ಓಡಿದ.

ಮೇ ತಿಂಗಳಲ್ಲಿ ದೊಡ್ಡ ಊರಿನಿಂದ ಮ್ಯೂಸಿಯಂ ತಜ್ಞರೊಬ್ಬರು ಬಂದರು. ಕಾಗೆ ಓಡಿಸುತ್ತಿದ್ದ ಗೊಂಬೆಯನ್ನು ಕಂಡು ಎದೆ ಹಿಡಿದುಕೊಂಡರು.

“ಮೇಡಂ, ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು. ಗಾಳಿ ತಾಗಬಾರದು, ಬಿಸಿಲು ತಾಗಬಾರದು, ಯಾರೂ ಮುಟ್ಟಬಾರದು.”

“ಏನಾಗೈತ್ರಿ ಅದಕ್ಕ? ಇಷ್ಟು ವರ್ಷ ಐಸಿಯುದಾಗ ಡ್ಯೂಟಿ ಮಾಡೀನಿ. ಅಲ್ಲಿ ಮಲಗಿದವರೂ ಹೊರಗ ಬರಾಕ ಒದ್ದಾಡ್ತಿದ್ರು ನೋಡ್ರಿ. ಆರಾಮ ಇದ್ದಾವರನ್ನ ಯಾಕ ಒಳಗ ಹಾಕ್ತೀರಿ? ಕುಂದರ್ರಿ, ಗಂಟಿ ಆತು, ಊಟ ಮಾಡ್ರಿ.”

ತಜ್ಞರು ಊಟ ಮಾಡಿದರು. ಚೀನಾದ ಭರಣಿಯಿಂದ ಮೂರು ಸಲ ಉಪ್ಪಿನಕಾಯಿ ಹಾಕಿಸಿಕೊಂಡರು. ಇದನ್ನು ಎರಡನೇ ಭೇಟಿ ಎಂದು ಹಿಡಿಯಬಹುದೇ ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದಳು. ಹಾಗೆ ಹಿಡಿಯಲು ಬರುವುದಿಲ್ಲ ಎಂದೆ. ಲೆಕ್ಕ ಅಂದರೆ ಲೆಕ್ಕ.

ಮಳೆ ಹಿಡಿಯಿತು. ಮಣ್ಣೆತ್ತಿನ ಅಮಾವಾಸ್ಯೆ ನಾಳೆ ಎನ್ನುವಂತಾಯಿತು. ನಮ್ಮ ಕಡೆ ಅಂದು ಮಣ್ಣಿನಿಂದ ಜೋಡಿ ಎತ್ತು ಮಾಡಿ ಪೂಜಿಸುತ್ತಾರೆ. ಕುಂಬಾರರು ಬುಟ್ಟಿಯಲ್ಲಿ ಎತ್ತುಗಳನ್ನು ಹೊತ್ತು ಮನೆಮನೆಗೆ ಹೋಗುತ್ತಿದ್ದರು. ನನ್ನ ಡೈರಿಯಲ್ಲಿ ಮೊದಲ ಸಲ ಬಂದವರು ಎಂಬತ್ನಾಲ್ಕು. ಎರಡನೇ ಸಲ ಬಂದವರು ಸೊನ್ನೆ.

ಆ ಮಧ್ಯಾಹ್ನ ಊಟದ ಗಂಟೆ ಮೊಳಗಲಿಲ್ಲ. ಅತ್ತೆ ಕೋರೆಹಲ್ಲಿನ ಮುಖವಾಡವನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದಳು. ಒಲೆಯೂ ಆರಿತ್ತು, ಅವಳೂ ಆರಿದ್ದಳು. ಅಂಥ ಹೊತ್ತಿನಲ್ಲಿ ಛತ್ರಿ ಝಾಡಿಸುತ್ತ ಅಪ್ಪ ಒಳಗೆ ಬಂದ.

“ನಾ ಏನು ನಿನ್ನ ಮ್ಯೂಝಿಯಂ ನೋಡಾಕ ಬಂದಿಲ್ಲ. ನನ್ನ ಟೇಪು ಇಲ್ಲೇ ಬಿಟ್ಟಿದ್ದೆ.”

“ಪ್ರದರ್ಶನದಾಗ ಐತಿ” ಎಂದಳು ಅತ್ತೆ, ತಲೆ ಎತ್ತದೆ.

ನಿಜವಾಗಿಯೂ ಇತ್ತು. ಚೀನಾದ ಭರಣಿಯ ಪಕ್ಕದಲ್ಲಿ, ಚೀಟಿಯ ಸಮೇತ: ‘ಹೆಸರು: ಅಳತೆ ಟೇಪು. ಊರು: ಚೀನಾ. ಕಾಯಕ: ತಂಗಿಯನ್ನು ಹೊರಗೆ ಹಾಕುವುದು.’

ಅಪ್ಪ ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಟೈಪು ಮಾಡಿದವಳು ನಾನು. ಮೇಲಿನ ಹಂಚುಗಳನ್ನು ಎಣಿಸತೊಡಗಿದೆ. ಮಾತು ಬದಲಿಸಲು ಅಪ್ಪ ಮೂಲೆಯ ಬಟ್ಟೆಯತ್ತ ಕೈ ಮಾಡಿದ.

“ಅದೇನದು?”

“ಎರಡನೇ ಸಲ ಬಂದವರಿಗೆ.”

“ನಾ ಬಂದದ್ದು ಎರಡನೇ ಸಲಾನ ಅಲ್ಲೇನು?”

“ನೀ ಟೇಪಿಗೆ ಬಂದಿ.”

ಅಪ್ಪ ಟೇಪನ್ನು ಭರಣಿಯತ್ತ ಸರಿಸಿದ. “ಹೋಗಲಿ, ಟೇಪು ಇಲ್ಲೇ ಇರಲಿ. ಈಗ ನೋಡಾಕ ಬಂದಂಗ ಆತಿಲ್ಲೋ?”

ಅತ್ತೆ ಎದ್ದು ಬಟ್ಟೆ ತೆಗೆದಳು.

ಕಟ್ಟೆಯ ಮೇಲೆ ಗೇಣುದ್ದದ ಒಂದು ಮಣ್ಣಿನ ಎತ್ತು ನಿಂತಿತ್ತು. ಕೊಂಬು ಒಂದು ಮೇಲೆ, ಒಂದು ಕೆಳಗೆ. ಕಾಲು ಐದು! ನಾನು ನಕ್ಕುಬಿಟ್ಟೆ. ಅಪ್ಪ ನಗಲಿಲ್ಲ.

“ಇದನ್ನ ನಾ ಸಣ್ಣಾಂವಿದ್ದಾಗ ತಿಪ್ಪಿಗೆ ಒಗದಿದ್ದೆನಲ್ಲ” ಎಂದ ಮೆಲ್ಲಗೆ.

“ನೀ ಒಗದಿ. ನಾ ಆರಿಸ್ಕೊಂಡೆ. ಅಪ್ಪಾಗ ಹೇಳಿ ಇಲ್ಲೇ ಭಟ್ಟಿಯಾಗ ಹಂಚಿನ ಜೋಡಿ ಸುಡಿಸಿದೆ.”

“ಆವತ್ತ ಓಣಿ ಮಂದಿ ಎಲ್ಲಾ ನಕ್ಕಿದ್ರು. ನಾಲ್ಕ ಕಾಲಿನ ಮ್ಯಾಲೆ ನಿಂದ್ರವಲ್ದಾಗಿತ್ತು. ಬೀಳಬಾರದಂತ ಇನ್ನೊಂದು ಹಚ್ಚಿದ್ದೆ.”

“ಬಿದ್ದಿಲ್ಲ ನೋಡು. ಮಸ್ಕತ್ತಿಗೆ ಹೋಗಿ ಬಂದ್ರೂ ಬಿದ್ದಿಲ್ಲ.”

ಅಪ್ಪ ಬಗ್ಗಿ ಚೀಟಿ ಓದಿದ. ಅತ್ತೆಯ ಕೈಬರಹದಲ್ಲಿ ಇತ್ತು: ‘ಹೆಸರು: ಎತ್ತು. ಊರು: ಖಾನಾಪುರ, ಏಷ್ಯಾ. ಮಾಡಿದವರು: ನಮ್ಮ ಅಣ್ಣ. ಕಾಯಕ: ಪರದೇಶದ ಕೋಣೆಯಲ್ಲಿ ಅಳು ಬಂದಾಗ ಎದುರಿಗೆ ನಿಂತು ನಗಿಸುವುದು.’

ಅಪ್ಪ ನನ್ನತ್ತ ತಿರುಗಿದ.

“ಬರಕೋ. ಎರಡನೇ ಸಲ ಬಂದವರು, ಒಬ್ಬರು.”

“ಮನಿಯವರು ಲೆಕ್ಕಕ್ಕಿಲ್ಲ ಅಂದಿದ್ದಿಯಲ್ಲಪ್ಪಾ?”

“ಷರತ್ತು ಹಾಕಿದಾಂವ ಬೆಲ್ಲದ ವ್ಯಾಪಾರಿ. ನೋಡಾಕ ಬಂದಾಂವ ಎತ್ತು ಮಾಡಿದಾಂವ. ಬರಕೋ ಅಂದ್ರ ಬರಕೋ! ಬೆಲ್ಲ ಅಂಗಡಿ ಅಟ್ಟದ ಮ್ಯಾಲೆ ಇಟ್ರಾತು.”

ಮರುದಿನ ಅಮಾವಾಸ್ಯೆ. ಅಪ್ಪ ಬೆಳಿಗ್ಗೆಯೇ ಮೂರನೇ ಸಲ ಬಂದ, ಕೈಯಲ್ಲಿ ಒಂದು ಚೀಲ ಹಸಿ ಮಣ್ಣು. “ಒಂಟಿ ಎತ್ತಿಗೆ ಪೂಜಿ ಮಾಡಬಾರದು” ಎಂದು ಗೊಣಗುತ್ತ ಧೋತರ ಮೇಲೆತ್ತಿ ಚಾಪೆಯ ಮೇಲೆ ಕುಳಿತ. ಅತ್ತೆ ಒಲೆ ಹಚ್ಚಿ, ಜಪಾನಿನ ಬೀಸಣಿಗೆಯಿಂದ ಕೆಂಡ ಬೀಸಿ, ಚಹಾಕ್ಕೆ ಇಟ್ಟಳು. ಅಪ್ಪನ ಹೊಸ ಎತ್ತು ಒಮ್ಮೆ ಎಡಕ್ಕೆ ಬಿತ್ತು, ಒಮ್ಮೆ ಬಲಕ್ಕೆ ಬಿತ್ತು. ಅತ್ತೆ ಒಂದು ಚಿಟಿಕೆ ಮಣ್ಣು ಉಂಡೆ ಮಾಡಿ ಅವನ ಅಂಗೈಯಲ್ಲಿ ಇಟ್ಟಳು.

“ಐದನೇದು ಹಚ್ಚಣ್ಣಾ.”

ಅಪ್ಪ ಹಚ್ಚಿದ. ಎತ್ತು ನಿಂತಿತು.