ಕುರಿ ಸತ್ತ ಸುದ್ದಿ ಹೇಳುವ ಪಾಠ

ತಮಗೆ ಬಾರದ ವಿದ್ಯೆಯನ್ನು ಬೇರೆಯವರಿಗೆ ಕಲಿಸಿ ಹೊಟ್ಟೆ ಹೊರೆಯುವವರು ಲೋಕದಲ್ಲಿ ಕಡಿಮೆಯಿಲ್ಲ. ಈಜು ಬಾರದಿದ್ದರೂ ಬಾವಿಯ ದಡದಲ್ಲಿ ನಿಂತು ‘ಕೈ ಬೀಸು, ಕಾಲು ಬಡಿ’ ಎಂದು ಕೂಗುವ ಸೋದರಮಾವಂದಿರನ್ನು ನೀವೂ ನೋಡಿರುತ್ತೀರಿ. ನಾನೂ ಆ ಪೈಕಿಯವನೇ. ನಾನು ಕಲಿಸುತ್ತಿದ್ದ ವಿದ್ಯೆಯೆಂದರೆ ಹೇಳಬೇಕಾದ ವಿಷಯವನ್ನು ಮೊದಲಿಗೇ, ನೇರವಾಗಿ, ನಾಲ್ಕೇ ಮಾತಿನಲ್ಲಿ ಹೇಳುವುದು. ಅದು ನನಗೆ ಬರುವುದಿಲ್ಲವೆಂಬುದು, ಇಲ್ಲಿಗೆ ಬರಲು ನಾನು ಬಾವಿ ಸುತ್ತಿಕೊಂಡು ಬಂದದ್ದರಿಂದಲೇ ನಿಮಗೆ ಗೊತ್ತಾಗಿರಬೇಕು.

ಅದು ಐವತ್ತರ ದಶಕದ ಕೊನೆ. ಹಳ್ಳಿಗಳ ಅಭಿವೃದ್ಧಿಗೆಂದು ಹೊಸದಾಗಿ ತೆರೆದ ಬ್ಲಾಕ್ ಕಚೇರಿಯಲ್ಲಿ, ಶಿರಾದಲ್ಲಿ, ನಾನು ವಯಸ್ಕರ ಶಿಕ್ಷಣ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಮೇಲಿನಿಂದ ಆದೇಶ ಬಂತು: ಜವಾನರು, ಕಾವಲುಗಾರರು, ಮೇಸ್ತ್ರಿಗಳು ಮೇಲಧಿಕಾರಿಗಳೊಡನೆ ಹೇಗೆ ಮಾತಾಡಬೇಕೆಂದು ಹದಿನೈದು ದಿನ ತರಬೇತಿ ಕೊಡತಕ್ಕದ್ದು. ಆದೇಶ ಬರೆದವರು ಆ ವಿಷಯ ಹೇಳುವುದಕ್ಕೇ ಎರಡೂವರೆ ಪುಟ ತೆಗೆದುಕೊಂಡಿದ್ದರು. ನನಗೆ ಬೇಜಾರಾಗಿದ್ದು ಅದಕ್ಕಲ್ಲ. ನನ್ನ ತಾಯಿ ಆಗ ಹೊಳವನಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದರು. ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಪ್ರತಿ ಶನಿವಾರ ಹೋಗಿ ನೋಡಿಕೊಂಡು ಬರುತ್ತಿದ್ದೆ. ತರಬೇತಿಯೆಂದು ಎರಡು ಶನಿವಾರ ತಪ್ಪಿತು. ಮುಗಿಸಿ ಒಂದೇ ಸಲ ನಾಲ್ಕು ದಿನ ಇದ್ದು ಬರೋಣ ಎಂದುಕೊಂಡೆ.

ಹಳೆಯ ಶಾಲೆಯೊಂದರ ಕೋಣೆಯಲ್ಲಿ ತರಗತಿ. ಹನ್ನೆರಡು ಜನ ವಿದ್ಯಾರ್ಥಿಗಳು, ಅರ್ಧಕ್ಕರ್ಧ ನನಗಿಂತ ಹಿರಿಯರು. ಕಚೇರಿಯ ಜವಾನ ದಸ್ತಗೀರ್ ಸಾಬರು ಮೂರು ತಲೆಮಾರಿನಿಂದ ಶಿರಾದವರು, ಮರ್ಯಾದೆಯೇ ಮೈವೆತ್ತಂತಿದ್ದರು. ಹೊರಗೆ ಯಾರೋ ಕಾಯುತ್ತಿದ್ದಾರೆಂದು ಸಾಹೇಬರಿಗೆ ತಿಳಿಸಲು ಹೋದರೆ ಮೊದಲು ಸಲಾಮು, ಆಮೇಲೆ ‘ಹುಜೂರ್ ತಬಿಯತ್ತು ಹೆಂಗೈತೆ’, ಆಮೇಲೆ ಮಕ್ಕಳ ಕ್ಷೇಮ. ಅಷ್ಟರಲ್ಲಿ ಕಾಯುತ್ತಿದ್ದವರು ಬಸ್ಸು ಹತ್ತಿ ಹೋಗಿರುತ್ತಿದ್ದರು. ಪಾವಗಡದ ಕಡೆಯ ರಸ್ತೆ ಮೇಸ್ತ್ರಿ ನರಸಿಂಹಪ್ಪ ಇದಕ್ಕೆ ತದ್ವಿರುದ್ಧ. ಮಳೆಗೆ ಮೋರಿ ಕೊಚ್ಚಿಹೋದರೆ ಹೇಗೆ ವರದಿ ಮಾಡುತ್ತೀರಿ ಎಂದರೆ ಎದ್ದು ನಿಂತು ‘ಮೋರಿ ಪೋಯಿಂದಿ ಸಾರ್’ ಎಂದು ಕೂತುಬಿಟ್ಟ. ನಾನು ಹಿಗ್ಗಿ, ಎಲ್ಲರೂ ಹೀಗೆ ಹೇಳಬೇಕು ಎಂದೆ. ಅವನಿಗೆ ಕನ್ನಡದಲ್ಲಿ ಉದ್ದಕ್ಕೆ ಮಾತಾಡಲು ನಾಚಿಕೆ, ತೆಲುಗಿನಲ್ಲಿ ಬಿಟ್ಟರೆ ಬೆಳಗಿನ ತನಕ ನಿಲ್ಲಿಸುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ನನ್ನ ತಲೆನೋವು ಹುಲಿಕುಂಟೆಯ ಕರಿಯಣ್ಣ. ಹುಟ್ಟಿದಾಗಿನಿಂದ ಕುರಿ ಕಾದವನು, ಈಗ ಸರ್ಕಾರದ ಕುರಿಗಳ ಕಾವಲುಗಾರ. ಹೆಗಲ ಮೇಲೆ ಸದಾ ಕಂಬಳಿ. ಒಂದು ದಿನ ಅವನಿಗೆಂದೇ ಒಂದು ಅಭ್ಯಾಸ ಕೊಟ್ಟೆ: ನೀನು ಕಾಯುವ ಹಿಂಡಿನಲ್ಲಿ ಒಂದು ಕುರಿ ಸತ್ತಿದೆ, ನಾನೇ ಸಾಹೇಬ, ಬಂದು ಹೇಳಪ್ಪ.

ಕರಿಯಣ್ಣ ಬಂದ. ಕಂಬಳಿ ಸರಿಮಾಡಿಕೊಂಡ. ‘ಸ್ವಾಮಿ, ಉಂಡ್ರಾ?’ ಎಂದ. ಆಯಿತು ಎಂದೆ. ಹುಲಿಕುಂಟೆ ಕಡೆ ಈ ಸಲ ಮಳೆ ಹೆಂಗೆ ಬಂತು, ಹುಲ್ಲು ಎಲ್ಲಿ ಚಿಗುರಿತು ಎಂಬುದೆಲ್ಲ ಆಯಿತು. ‘ಆ ಕರೀ ಕಿವಿ ಕುರಿ ಇಲ್ವಾ ಸ್ವಾಮಿ, ಅದರ ತಾಯಿ ಬಾಳ ಒಳ್ಳೇದು. ಅದ್ಯಾಕೋ ನೆನ್ನೆಯಿಂದ ವಸಿ ಮೇವು ಬುಟ್ಟೈತೆ’ ಎಂದ. ಸತ್ತಿದೆಯೋ ಇಲ್ಲವೋ ಎಂದೆ. ‘ಎದ್ದು ನಿಲ್ತಾ ಇಲ್ಲ ಸ್ವಾಮಿ’ ಎಂದ. ಕರಿಯಣ್ಣ, ಅದು ಸತ್ತಿದೆ, ಹೇಳು ಎಂದೆ. ‘ಕಣ್ಣು ಮೇಲಕ್ಕೆ ಮಾಡೈತೆ ಸ್ವಾಮಿ’ ಎಂದ. ಆ ಕುರಿಯನ್ನು ಸಾಯಿಸಲು ಅವನಿಗೆ ಕಾಲು ಗಂಟೆ ಹಿಡಿಯಿತು. ಆಗಲೂ ಸತ್ತಿತು ಎನ್ನಲಿಲ್ಲ, ಬರಿದೇ ತಲೆ ತಗ್ಗಿಸಿ ನಿಂತ. ತರಗತಿಯೆಲ್ಲ ನಗುತ್ತಿತ್ತು, ಎಲ್ಲರಿಗಿಂತ ಜೋರಾಗಿ ನಾನು.

‘ನೋಡಪ್ಪ, ಸ್ವಾಮಿ ಒಂದು ಕುರಿ ಸತ್ತಿದೆ, ಇಷ್ಟೇ’ ಎಂದೆ.

‘ಅಂಗಂದ್ರೆ ಕೇಳೋರಿಗೆ ಎದೆ ಧಸಕ್ ಅನ್ನಾಕಿಲ್ವಾ ಸ್ವಾಮಿ? ವಸಿ ವಸಿಯಾಗಿ ಇಳಿಸ್ಬೇಕು’ ಎಂದ ಕರಿಯಣ್ಣ. ಎದೆ ಧಸಕ್ಕೆನ್ನಲು ಸಾಹೇಬರಿಗೇನು ಕುರಿ ಮಗಳೇ ಎಂದು ಕೇಳಿ ಇನ್ನೊಂದು ನಗೆ ಗಿಟ್ಟಿಸಿದೆ. ಆಮೇಲೆ ತಂತಿಯ ಉದಾಹರಣೆ ಕೊಟ್ಟೆ. ತಂತಿಯಲ್ಲಿ ಒಂದು ಮಾತೂ ಹೆಚ್ಚಿಲ್ಲ, ಎಲ್ಲರೂ ತಂತಿಯ ಹಾಗೆ ಮಾತಾಡುವುದನ್ನು ಕಲಿಯಬೇಕು ಎಂದು ಬೋರ್ಡಿನ ಮೇಲೂ ಬರೆದೆ. ಆ ಹುಮ್ಮಸ್ಸಿನಲ್ಲೇ ಮನೆಗೆ ಹೋಗಿ, ಹಾಲಿನವಳ ಕಥೆ ಹೇಳುತ್ತಿದ್ದ ಹೆಂಡತಿಗೂ ‘ವಿಷಯ ಮೊದಲು ಹೇಳು’ ಎಂದೆ. ಎರಡು ದಿನ ಅವಳು ‘ಅನ್ನ’, ‘ಸಾರು’, ‘ಏಳಿ’ ಎಂಬ ಮೂರೇ ಮಾತು ಆಡಿದಳು.

ಹದಿಮೂರನೆಯ ದಿನ ಬೆಳಿಗ್ಗೆ ಸೀಮೆಸುಣ್ಣ ಮುಗಿದಿತ್ತು. ತರುವುದಕ್ಕೆ ಕರಿಯಣ್ಣನನ್ನು ಕಚೇರಿಗೆ ಕಳಿಸಿದೆ. ಹೋದವನು ಅರ್ಧ ಗಂಟೆ ಬರಲಿಲ್ಲ. ಬಂದಾಗ ಕೈಯಲ್ಲಿ ಸೀಮೆಸುಣ್ಣವೂ ಇರಲಿಲ್ಲ. ಬಾಗಿಲಲ್ಲೇ ನಿಂತು, ‘ಸ್ವಾಮಿ, ಉಂಡ್ರಾ?’ ಎಂದ. ನನಗೆ ರೇಗಿತು. ಹದಿಮೂರು ದಿನ ಕಲಿಸಿದ್ದು ಇದಕ್ಕೇನಪ್ಪ, ವಿಷಯ ಮೊದಲು ಹೇಳು ಎಂದೆ. ಅವನು ನೆಲ ನೋಡಿದ.

‘ವಿಷ್ಯ ಏನಿಲ್ಲ ಬುಡಿ. ಅಮ್ಮಾವ್ರಿಗೆ ವಸಿ ಜಾಸ್ತಿ ಆಗೈತಂತೆ. ತಂತಿ ಬಂದೈತೆ. ಮಧುಗಿರಿ ಬಸ್ಸು ನಿಲ್ಸಿವ್ನಿ, ಹೋಗಾನ ಬನ್ನಿ’ ಎಂದ.

ಬಸ್ಸು ನಿಜಕ್ಕೂ ನಿಂತಿತ್ತು. ಕಂಡಕ್ಟರು ಯಾರಿಗೂ ಕಾಯದ ಪ್ರಾಣಿ, ಅಂದು ಮುಂದಿನ ಸೀಟನ್ನೇ ಖಾಲಿ ಮಾಡಿಸಿಟ್ಟಿದ್ದ. ಕರಿಯಣ್ಣನೂ ಪಕ್ಕದಲ್ಲಿ ಹತ್ತಿ ಕೂತ. ತಂತಿ ಎಲ್ಲಿ ಎಂದರೆ ಕಚೇರಿಯಲ್ಲೇ ಮರೆತೆ ಎಂದ. ದಾರಿಯುದ್ದಕ್ಕೂ ಕುರಿಗಳ ಮಾತು. ಯಾವ ಕುರಿ ಯಾವ ಕುರಿಯ ಮಗಳು, ಯಾವುದು ಬೇಲಿ ಹಾರುತ್ತದೆ. ನಾನು ಹೂಂಗುಟ್ಟುತ್ತಾ, ಎರಡು ಶನಿವಾರ ಬರದಿದ್ದಕ್ಕೆ ಅಮ್ಮನಿಗೆ ಏನು ಸಬೂಬು ಹೇಳುವುದೆಂದು ಜೋಡಿಸಿಕೊಳ್ಳುತ್ತಿದ್ದೆ. ಮಧುಗಿರಿಯಲ್ಲಿ ಬಸ್ಸು ಬದಲಾಯಿಸುವಾಗ ಬಲವಂತವಾಗಿ ಹೋಟೆಲಿಗೆ ಕರೆದುಕೊಂಡು ಹೋಗಿ ಇಡ್ಲಿ ತಿನ್ನಿಸಿದ. ಕಾಫಿಯ ಲೋಟ ನನ್ನ ಕೈಗೆ ಕೊಟ್ಟು, ‘ನೆನ್ನೆಯಿಂದ ಏನೂ ತಗೊಂಡಿಲ್ವಂತೆ ಸ್ವಾಮಿ’ ಎಂದ. ಕೊರಟಗೆರೆ ಹತ್ತಿರ ಬಂದಾಗ, ‘ಮಾತು ನಿಂತೈತಂತೆ’ ಎಂದ.

ಆಗ ನನಗೆ ಆ ಕರೀ ಕಿವಿಯ ಕುರಿ ನೆನಪಾಯಿತು. ಮೇವು ಬಿಟ್ಟಿದೆ, ಎದ್ದು ನಿಲ್ಲುತ್ತಿಲ್ಲ. ಅದರ ಮುಂದಿನ ಮಾತನ್ನು ತರಗತಿಯಲ್ಲಿ ಕೇಳಿ ನಕ್ಕವನು ನಾನೇ. ಅಲ್ಲಿಂದ ಹೊಳವನಹಳ್ಳಿಯ ತನಕ ನಾನು ಅವನನ್ನು ಏನೂ ಕೇಳಲಿಲ್ಲ. ಅವನು ಬೇಲಿ ಹಾರುವ ಕುರಿಯ ಕಥೆಯನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿದ, ನಾನು ಗಮನವಿಟ್ಟು ಕೇಳಿದೆ. ಬಸ್ಸು ನಿಂತಾಗ ಅವನು ತಲೆ ತಗ್ಗಿಸಿದ. ಹೊಟ್ಟೆಯಲ್ಲಿ ಎರಡು ಇಡ್ಲಿ ಇತ್ತು, ಆ ದಿನ ನನ್ನನ್ನು ಅದೇ ನಡೆಸಿತು.

ಕರ್ಮಾಂತರಗಳನ್ನು ಮುಗಿಸಿ ಶಿರಾಕ್ಕೆ ಬಂದಾಗ ಸಾಹೇಬರು ಕರೆದು, ‘ನಿಮ್ಮ ತರಬೇತಿ ದಂಡವಾಗಲಿಲ್ಲ ಕಣ್ರಿ’ ಎಂದರು. ಅಂದು ಗುಮಾಸ್ತರು ತಂತಿ ಓದಿ ಹೇಳಿದ ಕೂಡಲೇ ಕರಿಯಣ್ಣ ಅದನ್ನು ಕಿಸೆಗಿಟ್ಟುಕೊಂಡು ಅವರ ಕೋಣೆಗೆ ನುಗ್ಗಿದನಂತೆ. ಸಲಾಮೂ ಇಲ್ಲ, ಕ್ಷೇಮವೂ ಇಲ್ಲ. ‘ಮೇಷ್ಟ್ರ ತಾಯಿ ತೀರ್ಕಂಡವ್ರೆ. ಅವ್ರಿಗೆ ಗೊತ್ತಿಲ್ಲ. ರಜೆ ಕೊಡಿ’ ಎಂದನಂತೆ. ಕಂಡಕ್ಟರನಿಗೂ ಅಷ್ಟೇ ಮಾತು. ನಾನು ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಅಚ್ಚುಕಟ್ಟು.

ಅವನನ್ನು ಹುಡುಕಿಕೊಂಡು ಹೋದೆ. ಕುರಿಗಳ ದೊಡ್ಡಿಯ ಮುಂದೆ ಕೂತಿದ್ದ. ‘ಅಲ್ಲಪ್ಪ, ಸಾಹೇಬರಿಗೆ ಮೂರು ಮಾತಲ್ಲಿ ಹೇಳಿದವನು ನನಗೆ ಯಾಕೆ ಅಷ್ಟು ದೂರ ಸುತ್ತಿಸಿದೆ?’ ಎಂದೆ.

‘ಅವ್ರು ರಜೆ ಕೊಡೋರು. ನೀವು ಮಗ ಅಲ್ವಾ ಸ್ವಾಮಿ’ ಎಂದ ಕರಿಯಣ್ಣ.

ತರಬೇತಿಯ ಕೊನೆಯಲ್ಲಿ ತುಂಬಬೇಕಾದ ನಮೂನೆಯಲ್ಲಿ ‘ವಿಷಯವನ್ನು ತಕ್ಕ ರೀತಿಯಲ್ಲಿ ತಿಳಿಸಬಲ್ಲರೇ?’ ಎಂಬ ಕಾಲಂ ಇತ್ತು. ಕರಿಯಣ್ಣನ ಹೆಸರಿನ ಮುಂದೆ ‘ಬಲ್ಲರು’ ಎಂದು ಬರೆದೆ. ಕಲಿಸಿದವರಿಗೆ ಆ ನಮೂನೆಯಲ್ಲಿ ಕಾಲಂ ಇರಲಿಲ್ಲ, ಬಚಾವಾದೆ. ಈಗ ನೋಡಿ, ಇಷ್ಟು ವರ್ಷದ ಮೇಲೆ ಅಮ್ಮ ತೀರಿಕೊಂಡರು ಎಂಬ ಒಂದು ಮಾತು ಹೇಳಲು ಕೂತವನು, ನಿಮ್ಮನ್ನು ಬಾವಿ, ಮೋರಿ, ಕುರಿ ಎಂದು ಎಲ್ಲೆಲ್ಲೋ ಸುತ್ತಿಸಿ ತಂದೆ. ಮಧುಗಿರಿ ದಾಟುವಷ್ಟರಲ್ಲಿ ನಿಮಗೆ ವಿಷಯ ಗೊತ್ತಾಗಿಯೇ ಇರುತ್ತದೆ. ನಡುವೆ ಒಂದು ಲೋಟ ಕಾಫಿ ಕೊಡಲಾಗಲಿಲ್ಲ, ಕರಿಯಣ್ಣನಿಂದ ನಾನು ಕಲಿಯದೆ ಉಳಿದದ್ದು ಅದೊಂದೇ.