ಇಪ್ಪತ್ತಮೂರು ನಿಯಮಗಳು ಮತ್ತು ಒಂದು ಲೋಲಕ

ಲೋಲಕದ ಗುಂಡು ದಾರ ಕಡಿದುಕೊಂಡು ಹಾರಿ ಕಿಟಕಿಯ ಗಾಜು ಒಡೆಯಬಹುದಿತ್ತು. ಆ ಹೊತ್ತಿಗೆ ಸರಿಯಾಗಿ ಕಿಟಕಿಯಾಚೆ ನಮ್ಮ ಪ್ರಿನ್ಸಿಪಾಲರು ನಡೆದು ಹೋಗುತ್ತಿರಬಹುದಿತ್ತು. ಯಾರಾದರೊಬ್ಬ ಜಾಣ ಎರಡು ತಂತಿಗಳ ಮೂತಿಗೆ ಮೂತಿ ತಾಗಿಸಿ ಇಡೀ ಕಾಲೇಜಿನ ಫ್ಯೂಸು ಹಾರಿಸಬಹುದಿತ್ತು. ಥರ್ಮಾಮೀಟರು ಒಡೆದು, ಓಡುವ ಪಾದರಸವನ್ನು ಹಿಡಿಯಲು ಹತ್ತಾರು ಮಕ್ಕಳು ಬೆಂಚಿನಡಿ ತೆವಳಬಹುದಿತ್ತು. ಗಂಗಾವಳಿಗೆ ನೆರೆ ಬಂದು ರಾಮನಗುಳಿ ಕಡೆಯ ಬಸ್ಸು ನಿಂತು ಅರ್ಧ ತರಗತಿ ಖಾಲಿಯಾಗಬಹುದಿತ್ತು. ಅಥವಾ ನೆರೆ ಬಾರದೆ ಪೂರ್ತಿ ತರಗತಿ ಬಂದು, ಅಷ್ಟು ಮಂದಿಗೆ ಸ್ಟೂಲು ಸಾಲದೆ ಹೋಗಬಹುದಿತ್ತು. ಕಾರವಾರದಿಂದ ಅಂಕೋಲೆಗೆ ಬರುವ ನನ್ನ ಬಸ್ಸೇ ದಾರಿಯಲ್ಲಿ ಕೆಟ್ಟು, ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸಬೇಕಾದ ನಾನೇ ತಡವಾಗಬಹುದಿತ್ತು. ತಪಾಸಣೆಯ ಸಮಿತಿಯೊಂದು ಹೇಳದೆ ಕೇಳದೆ ಬಂದು, "ನಿಮ್ಮ ಕೋರ್ಸಿನ ನಿಯಮಾವಳಿ ಎಲ್ಲಿ?" ಎಂದು ಕೇಳಬಹುದಿತ್ತು.

ಪದವಿ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತ ನನಗೆ ಇಪ್ಪತ್ತೆರಡು ವರ್ಷವಾಯಿತು. ಈ ಅವಧಿಯಲ್ಲಿ ನಾನು ನಿಜವಾಗಿ ಪರಿಣತಿ ಪಡೆದ ವಿಷಯವೆಂದರೆ ಚಿಂತೆ. ಉಳಿದವರು ಆಗಿಹೋದದ್ದಕ್ಕೆ ಚಿಂತಿಸುತ್ತಾರೆ. ನಾನು ಮುಂಗಡ ಕಾಯ್ದಿರಿಸಿ ಚಿಂತಿಸುವವನು. ಮದುವೆ ಮನೆಗೆ ಹೋದರೆ ಮಂಟಪದ ಕಂಬ ಎಷ್ಟು ಡಿಗ್ರಿ ವಾಲಿದೆ ಎಂದು ನೋಡುತ್ತ ಊಟ ಮಾಡುತ್ತೇನೆ. ನಮ್ಮ ಮನೆಮಾತು ಕೊಂಕಣಿ. ನಾನು ಇಂಥ ಚಿಂತೆಯನ್ನು ಬಿಡಿಸಿ ಹೇಳಲು ತೊಡಗಿದರೆ ಹೆಂಡತಿ ಒಂದೇ ಶಬ್ದ ಹೇಳುತ್ತಾಳೆ: "ಪುರೋ." ಸಾಕು ಎಂದರ್ಥ. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿದ ಶಬ್ದ ಅದು.

ಹೀಗಾಗಿ ಈ ವರ್ಷ, ಏನೂ ಆಗುವ ಮೊದಲೇ ಎಲ್ಲವನ್ನೂ ತಡೆಗಟ್ಟಿಬಿಡೋಣವೆಂದು, ಮೊದಲ ಸೆಮಿಸ್ಟರಿನ ಭೌತಶಾಸ್ತ್ರಕ್ಕೆ ನಾನೇ ಕೂತು ನಿಯಮಾವಳಿ ಬರೆದೆ. ಮೂರು ನಿಯಮ ಸಾಕೆಂದು ಶುರುಮಾಡಿದ್ದು ಇಪ್ಪತ್ತಮೂರಕ್ಕೆ ಹೋಗಿ ನಿಂತಿತು. ನಿಲ್ಲುವುದಕ್ಕೆ ಕಾರಣ ನನ್ನ ಸಂಯಮವಲ್ಲ, ಹಾಳೆ ಮುಗಿದದ್ದು. ಹಾಜರಿ ನೂರಕ್ಕೆ ಎಪ್ಪತ್ತೈದು ಇರಲೇಬೇಕು. ಐದು ನಿಮಿಷ ತಡವಾದರೆ ಗೈರುಹಾಜರಿ. ಪ್ರಯೋಗಾಲಯದೊಳಗೆ ಮೊಬೈಲು ತರಕೂಡದು. ಸಮಯ ಅಳೆಯಲು ವಿಭಾಗದ ಸ್ಟಾಪ್‌ವಾಚನ್ನು ಮಾತ್ರ ಬಳಸಬೇಕು. ಪೆನ್ಸಿಲು ಮೊನೆ ಮಾಡಿದ್ದಿರಬೇಕು; ಮೊನೆ ಮುರಿಯುವ ಸಾಧ್ಯತೆ ಇರುವುದರಿಂದ ಎರಡು ಇರಬೇಕು. "ಇದು ಪರೀಕ್ಷೆಗೆ ಬರ್ತದಾ ಸರ್?" ಎಂದು ಯಾರೂ ಕೇಳಕೂಡದು. ಕಾಯಿಲೆ ಬೀಳುವವರು ಇಪ್ಪತ್ತನಾಲ್ಕು ಗಂಟೆ ಮುಂಚಿತವಾಗಿ ಲಿಖಿತವಾಗಿ ತಿಳಿಸಬೇಕು. ಈ ಕೊನೆಯದನ್ನು ಬರೆಯುವಾಗ ನನಗೆ ಅದರಲ್ಲಿ ಯಾವ ಊನವೂ ಕಂಡಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಎಲ್ಲಕ್ಕಿಂತ ಘನವಾದದ್ದು ಹದಿನೇಳನೆಯದು. ಒಬ್ಬರ ರೀಡಿಂಗನ್ನು ಇನ್ನೊಬ್ಬರು ನಕಲು ಮಾಡಿದರೆ ಇಬ್ಬರಿಗೂ ಇಂಟರ್ನಲ್ ಅಂಕ ಸೊನ್ನೆ. ಇಂಟರ್ನಲ್ ಸೊನ್ನೆಯಾದವರು ಪರೀಕ್ಷೆಗೆ ಕೂರುವಂತಿಲ್ಲ. ಯಾವ ಸಬೂಬನ್ನೂ ಕೇಳಲಾಗುವುದಿಲ್ಲ. ಇದರ ಕೆಳಗೆ ಎರಡು ಗೆರೆ ಎಳೆದಿದ್ದೆ.

ಪ್ರಿನ್ಸಿಪಾಲರು ಕನ್ನಡಕ ಏರಿಸಿ ಇಳಿಸಿ ಎರಡೂ ಪುಟ ಓದಿದರು. "ಇದು ಫಿಜಿಕ್ಸ್ ಕ್ಲಾಸೋ, ನೌಕಾನೆಲೆಯ ಗೇಟೋ ಮಾರಾಯರೆ?" ಎಂದು ಕೇಳಿ ಸಹಿ ಹಾಕಿದರು. ನಾನು ಅದನ್ನು ಪ್ರಶಂಸೆ ಎಂದೇ ತಿಳಿದು, ಪ್ರತಿ ತೆಗೆಸಿ, ಹೆತ್ತವರ ಸಹಿ ಹಾಕಿಸಿಕೊಂಡು ಬರುವಂತೆ ಮಕ್ಕಳಿಗೆಲ್ಲ ಹಂಚಿದೆ. ಮರುದಿನ ಎಲ್ಲ ಪ್ರತಿಗಳೂ ಬಂದವು. ಕೇಣಿಯಿಂದ ಬರುವ ನಯನಾ ಎಂಬ ಹುಡುಗಿ ತನ್ನ ಪ್ರತಿಯನ್ನು ಕೊಡುತ್ತ ಅಲ್ಲೇ ನಿಂತಳು.

"ಎಂತದು?" ಎಂದೆ.

"ಎಂತಿಲ್ಲ ಸರ್. ಪೂರಾ ಓದಿ ಹೇಳ್ದೆ ಅಮ್ಮಂಗೆ. ಮಾಡ್ಬಾರ್ದದ್ದು ಇಷ್ಟೆಲ್ಲ ಬರ್ದಾರಲ್ಲ, ಮಾಡೂದು ಎಂತದು ಹೇಳಿ ಬರೀಲೇ ಇಲ್ವಾ ನಿಮ್ ಸರು, ಕೇಳಿದ್ಳು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬೆಂಚಿನಲ್ಲಿ ನಗಬಾರದೆಂಬ ನಿಯಮವನ್ನು ನಾನು ಬರೆದಿರಲಿಲ್ಲ.

ಈ ನಯನಾಳ ವಿಷಯ ಸ್ವಲ್ಪ ಹೇಳಬೇಕು. ಅವಳದು ಮೀನು ಹಿಡಿಯುವ ಮನೆ. ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದು, ತಂದೆಯೊಡನೆ ವಾದ ಮಾಡಿ ಕಾಲೇಜು ಸೇರಿದವಳು. ಒಂದು ಸೆಮಿಸ್ಟರು ಕೈತಪ್ಪಿದರೂ ಓದು ನಿಲ್ಲಿಸಿ, ಮಾಜಾಳಿಯಲ್ಲಿರುವ ಅತ್ತೆಯ ಮನೆಯಿಂದ ದಿನಾ ಗಡಿ ದಾಟಿ ಗೋವಾದ ಕಂಪನಿಯೊಂದಕ್ಕೆ ಡಬ್ಬಿ ಕಟ್ಟುವ ಕೆಲಸಕ್ಕೆ ಹೋಗಬೇಕು ಎಂಬ ಕರಾರಿನ ಮೇಲೆ ತಂದೆ ಒಪ್ಪಿದ್ದರು. ಅವರದು ಒಂದೇ ನಿಯಮ. ನನ್ನ ಇಪ್ಪತ್ತಮೂರಕ್ಕಿಂತ ಅದು ಗಟ್ಟಿ.

ಮೊದಲ ಪ್ರಯೋಗ ಸರಳ ಲೋಲಕ. ಒಂದು ದಾರ, ಒಂದು ಗುಂಡು. ಅದು ಇಪ್ಪತ್ತು ಸಲ ಹೋಗಿ ಬರಲು ಎಷ್ಟು ಸೆಕೆಂಡು ಬೇಕೆಂದು ಅಳೆದು, ಭೂಮಿಯ ಸೆಳೆತದ ಬೆಲೆಯನ್ನು ಲೆಕ್ಕ ಹಾಕುವುದು. ಉತ್ತರ 9.8 ಬರಬೇಕು. ಇದು ಭೂಮಿ ಹುಟ್ಟಿದಾಗಿನಿಂದ ಹಾಗೆಯೇ ಇದೆ, ಅಂಕೋಲೆಗೆ ವಿನಾಯಿತಿಯಿಲ್ಲ. ಆ ದಿನ ನಾನು ಯಾವುದೋ ಸಭೆಗೆ ಹೋಗಬೇಕಾದ್ದರಿಂದ, ಅಟೆಂಡರ್ ಬೀರಣ್ಣನನ್ನು ಕಾವಲಿಗಿಟ್ಟು ಹೋದೆ. ಮುಂದಿನ ವಾರ ಆ ತಂಡದ ಹದಿನಾಲ್ಕು ರೆಕಾರ್ಡ್ ಪುಸ್ತಕಗಳು ನನ್ನ ಮೇಜಿನ ಮೇಲೆ ಬಂದು ಕೂತವು.

ಮೊದಲನೆಯದರಲ್ಲಿ ಉತ್ತರ 11.2. ಪಾಪ, ಏನೋ ಎಡವಿದ್ದಾನೆ ಎಂದುಕೊಂಡೆ. ಎರಡನೆಯದರಲ್ಲಿಯೂ 11.2. ಮೂರನೆಯದು, ನಾಲ್ಕನೆಯದು, ಹದಿನಾಲ್ಕನೆಯದು, ಎಲ್ಲದರಲ್ಲೂ ಅದೇ. ಉತ್ತರ ಮಾತ್ರವಲ್ಲ, ಕೋಷ್ಟಕದ ಒಂದೊಂದು ಅಂಕಿಯೂ ಅದೇ. ನಿಜ ಹೇಳುತ್ತೇನೆ, ನನಗೆ ಕೋಪಕ್ಕಿಂತ ಮೊದಲು ಬಂದದ್ದು ಒಂದು ಬಗೆಯ ತೃಪ್ತಿ. ವರ್ಷಗಟ್ಟಲೆ ಛತ್ರಿ ಹಿಡಿದು ಓಡಾಡಿದವನಿಗೆ ಕೊನೆಗೂ ಒಂದು ಹನಿ ಬಿದ್ದಂತೆ. ಹದಿನೇಳನೆಯ ನಿಯಮಕ್ಕೆ ಒಮ್ಮೆಗೇ ಹದಿನಾಲ್ಕು ಆಹುತಿ!

ಎಲ್ಲರನ್ನೂ ಪ್ರಯೋಗಾಲಯಕ್ಕೆ ಕರೆಸಿದೆ. "ಯಾರದನ್ನು ಯಾರು ನಕಲು ಮಾಡಿದ್ದು?" ಎಂದು ಗುಡುಗಿದೆ.

ಎಲ್ಲರೂ ನಯನಾಳ ಮುಖ ನೋಡಿದರು. ನಯನಾ ನನ್ನ ಮುಖ ನೋಡಿದಳು. "ನಕಲಲ್ಲ ಸರ್. ಒಟ್ಟಿಗೇ ಮಾಡಿದ್ದು. ಅದು ಎಲ್ಲರ ರೀಡಿಂಗು."

"ಎಲ್ಲರ ರೀಡಿಂಗು ಅಂದ್ರೆ?"

"ಇದ್ದದ್ದು ಒಂದೇ ವಾಚು ಸರ್, ನಾವು ಇಷ್ಟು ಜನ. ಒಬ್ಬಳು ದಾರ ಹಿಡ್ದಳು, ಒಬ್ಬ ಗುಂಡು ಬಿಟ್ಟ, ಇಬ್ರು ಎಣ್ಸಿದ್ರು, ನಾ ವಾಚು ನೋಡ್ದೆ, ಇವ ಬರ್ಕಂಡ. ರಂಪಣಿ ಎಳ್ದಂಗೆ."

ರಂಪಣಿ ಎಂದರೆ ನಮ್ಮ ಕರಾವಳಿಯ ಉದ್ದನೆಯ ಬಲೆ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಸುತ್ತು ಹಾಕಿ ಬಿಡುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಕೇರಿಗೆ ಕೇರಿಯೇ ಎಳೆಯುತ್ತದೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಯಾವ ಮೀನು ಯಾರ ಎಳೆತಕ್ಕೆ ಬಂತೆಂದು ಕೇಳುವ ಮಳ್ಳ ಅಲ್ಲಿ ಇರುವುದಿಲ್ಲ. ಅಂಥ ಮಳ್ಳ ಇರುವುದು ಕಾಲೇಜಿನಲ್ಲಿ; ಅವನಿಗೆ ಸಂಬಳವೂ ಉಂಟು.

"ಆಯ್ತು," ಎಂದು ಹಲ್ಲು ಕಚ್ಚಿ ಹಾಜರಿ ಪುಸ್ತಕ ತೆರೆದೆ. "ಆ ದಿನ ಈ ಹುಡುಗ ಸಂದೇಶ ಬಂದೇ ಇಲ್ಲ. ಅವನ ಪುಸ್ತಕದಲ್ಲಿ ರೀಡಿಂಗು ಹೇಗೆ ಬಂತು?"

"ಅವಂಗೆ ಜ್ವರ ಸರ್," ನಯನಾ ಮಗುವಿಗೆ ತಿಳಿಹೇಳುವವಳಂತೆ ಹೇಳಿದಳು. "ಹುಷಾರಿಲ್ದವ್ರಿಗೂ ಪಾಲು ತೆಗ್ದಿಡ್ತ್ರಲ್ಲ."

"ಜ್ವರ ಬರ್ತದೆ ಹೇಳಿ ನಂಗೆ ಮುಂಚಿನ ದಿನ ಗೊತ್ತಿರ್ಲಿಲ್ಲ ಸರ್," ಎಂದ ಸಂದೇಶ, ತೀರಾ ವಿನಯದಿಂದ.

ನಾನು ನಿಯಮಾವಳಿಯ ಹಾಳೆ ತೆಗೆದು ಎರಡು ಗೆರೆ ಎಳೆದ ಜಾಗವನ್ನು ಬೆರಳಿನಿಂದ ಕುಟ್ಟಿದೆ. ಹದಿನಾಲ್ಕು ಮಂದಿಗೂ ಸೊನ್ನೆ, ಯಾರೂ ಪರೀಕ್ಷೆಗೆ ಕೂರುವಂತಿಲ್ಲ ಎಂದೆ. ನಯನಾಳ ಮುಖ ಕಪ್ಪಿಟ್ಟಿತು. ಗೋವಾದ ಕಂಪನಿಯ ಡಬ್ಬಿಗಳು ಅವಳ ಕಣ್ಣೆದುರು ಸಾಲಾಗಿ ನಿಂತಿರಬೇಕು. ಆದರೂ ಅವಳು ಅಳಲಿಲ್ಲ.

"ಸರ್, ಒಂದ್ ಮಾತು. ನಕಲೇ ಮಾಡೂದಾದ್ರೆ ಈ ಹನ್ನೊಂದನ್ನು ಎಂತಕ್ಕೆ ಮಾಡ್ಬೇಕು ನಾವು? ಒಂಬತ್ತು ಪಾಯಿಂಟ್ ಎಂಟು ಹೇಳಿ ಪುಸ್ತಕದಲ್ಲೇ ಛಾಪಿಸಿಟ್ಟಾರಲ್ಲ."

ಉತ್ತರವಿಲ್ಲದಾಗ ಅಧ್ಯಾಪಕರು ಮಾಡುವುದನ್ನೇ ಮಾಡಿದೆ. ತೋಳು ಮಡಚಿ, "ಹೇಗೆ ಮಾಡುವುದೆಂದು ತೋರಿಸುತ್ತೇನೆ, ನೋಡಿ" ಎಂದೆ. ದಾರದ ಉದ್ದ ಎರಡು ಸಲ ಅಳೆದೆ. ಗುಂಡು ಬಿಟ್ಟೆ. ಸ್ಟಾಪ್‌ವಾಚು ಒತ್ತಿದೆ. ಹದಿನಾಲ್ಕು ಮಂದಿ ಬಾಯಿಬಿಟ್ಟು ಎಣಿಸಿದರು. ಲೆಕ್ಕ ಹಾಕಿದೆ. 11.2. ಫ್ಯಾನಿನ ಗಾಳಿ ಎಂದು ಫ್ಯಾನು ನಿಲ್ಲಿಸಿದೆ. ಬೆವರು ಸುರಿಯಿತು, ಉತ್ತರ ಮಾತ್ರ 11.2. ಭೂಮಿ ಇಲ್ಲಿ ಅಷ್ಟು ಜೋರಾಗಿ ಎಳೆಯುತ್ತಿದ್ದರೆ ನನ್ನ ಮೊಣಕಾಲು ನೋವಿಗಾದರೂ ಒಂದು ಕಾರಣ ಸಿಕ್ಕಿತೆಂದು ಒಂದು ಕ್ಷಣ ಸಮಾಧಾನವೂ ಆಯಿತು.

ಆಗ ಬಾಗಿಲ ಬಳಿ ನಿಂತಿದ್ದ ಬೀರಣ್ಣ ಕೆಮ್ಮಿದ. "ಸರ್, ಒಂಚೂರು ನಿಮ್ ಮೊಬೈಲ್ ತೆಗೀರಿ ಕಾಂಬ."

ಮೊಬೈಲು ನನ್ನ ಕಿಸೆಯಲ್ಲೇ ಇತ್ತು. ನಿಯಮ ಬರೆದವನಿಗೆ ನಿಯಮ ತಾಗುವುದಿಲ್ಲ ಎಂಬುದು ಇಪ್ಪತ್ತನಾಲ್ಕನೆಯ ನಿಯಮ. ಅದನ್ನು ಎಲ್ಲಿಯೂ ಬರೆಯುವುದಿಲ್ಲ. ಮೊಬೈಲಿನ ಗಡಿಯಾರವನ್ನೂ ಸ್ಟಾಪ್‌ವಾಚನ್ನೂ ಒಟ್ಟಿಗೆ ಚಾಲೂ ಮಾಡಿ ಪಕ್ಕಪಕ್ಕ ಇಟ್ಟೆವು. ಮೊಬೈಲು ಅರವತ್ತು ಸೆಕೆಂಡು ತೋರಿಸುವಾಗ ನಮ್ಮ ವಾಚು ಆರಾಮಾಗಿ ಐವತ್ತಾರರಲ್ಲಿತ್ತು.

"ಸಮುದ್ರದ ಗಾಳಿ ಸರ್, ಒಳಗೆ ತುಕ್ಕು," ಎಂದ ಬೀರಣ್ಣ. "ನಾ ಕೆಲಸಕ್ಕೆ ಸೇರ್ದಾಗಿಂದ್ಲೂ ಹಾಂಗೇ ಅದು."

"ಹನ್ನೆರಡು ವರ್ಷದಿಂದ? ಹೇಳ್ಬಾರ್ದಿತ್ತಾ ಮಾರಾಯ?"

"ಎಲ್ಲರ ಉತ್ತರ ಸಮಾ ಬತ್ತಿತ್ತಲ್ಲ ಸರ್. ನಾ ಎಂತ ಹೇಳೂದು?"

ಅವನು ಮೂಲೆಯ ಕಪಾಟಿನ ಬಾಗಿಲು ತೆರೆದ. ಹಿಂದಿನ ತಂಡಗಳ ರೆಕಾರ್ಡ್ ಪುಸ್ತಕಗಳು ಧೂಳು ಹೊದ್ದು ಒಟ್ಟಿಕೊಂಡಿದ್ದವು. ಒಂದೊಂದೇ ತೆಗೆದು ನೋಡಿದೆ. 9.8. 9.79. 9.81. ಇದೇ ವಾಚು, ಇದೇ ಗುಂಡು, ಒಬ್ಬರಿಗೊಬ್ಬರ ನೆರವಿಲ್ಲದೆ ಪ್ರತ್ಯೇಕ ಪ್ರತ್ಯೇಕವಾಗಿ ಬರೆದ ಚಿನ್ನದಂಥ ಉತ್ತರಗಳು. ಪ್ರತಿಯೊಂದರ ಕೆಳಗೂ ಕೆಂಪು ಶಾಯಿಯಲ್ಲಿ ನನ್ನ ಸಹಿ, ಪಕ್ಕದಲ್ಲಿ "ಉತ್ತಮ".

ಸ್ಟೂಲು ಎಳೆದು ಕೂತೆ. ಹದಿಮೂರು ಪುಸ್ತಕಗಳಿಗೆ ಅಲ್ಲೇ ಪೂರ್ತಿ ಅಂಕ ಕೊಟ್ಟೆ. ಸಂದೇಶ ಮುಂದಿನ ವಾರ ಬಂದು ಗುಂಡು ಬಿಡಬೇಕೆಂದೆ. "ನಾವೂ ಬತ್ತೇವು ಸರ್, ಎಣ್ಸೂಕೆ," ಎಂದರು ಉಳಿದವರು. ಆಗಲಿ ಎಂದೆ.

ನಯನಾ ತನ್ನ ಪುಸ್ತಕ ಎತ್ತಿಕೊಂಡು, ಪುಟ ತೆರೆದು ಅಂಕವನ್ನು ಎರಡು ಸಲ ನೋಡಿಕೊಂಡಳು. ಆಮೇಲೆ ಕಪಾಟಿನ ಮೇಲ್ತುದಿಯಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ ಜೋಪಾನವಾಗಿದ್ದ ಒಂದು ಪುಸ್ತಕದ ಕಡೆ ಕೈ ತೋರಿಸಿದಳು. "ಅದು ಯಾರದ್ದು ಸರ್?"

ಅದು ಮಾದರಿ ರೆಕಾರ್ಡ್ ಪುಸ್ತಕ. ಎಲ್ಲ ಪ್ರಯೋಗಗಳನ್ನೂ ಮಾಡಿ ನಾನೇ ಬರೆದಿಟ್ಟದ್ದು. ಎಲ್ಲ ಪ್ರಯೋಗಗಳನ್ನೂ ಅಂದರೆ, ಕಾರವಾರದ ಮನೆಯ ಊಟದ ಮೇಜಿನ ಮೇಲೆ, ಕ್ಯಾಲ್ಕುಲೇಟರು ಹಿಡಿದು, ಉತ್ತರದಿಂದ ಹಿಂದಕ್ಕೆ. ಹೆಂಡತಿ ಅಂದು ಪಕ್ಕದಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಲೋಲಕ ನೆನಪಿಲ್ಲ.

"ಹಳೇದು," ಎಂದೆ.

"ಅದರಲ್ಲಿ ಎಷ್ಟು ಬಂದದೆ ಸರ್?"

ಗಾಜು ಒಡೆದಿರಲಿಲ್ಲ, ಪಾದರಸ ಚೆಲ್ಲಿರಲಿಲ್ಲ, ಬಸ್ಸು ಸರಿಯಾದ ಹೊತ್ತಿಗೇ ಬಂದಿತ್ತು. ಆದದ್ದು ಇಷ್ಟೇ: ಈ ಹುಡುಗರು ಗಡಿಯಾರ ನೋಡಿ, ಕಂಡದ್ದನ್ನು ಬರೆದುಬಿಟ್ಟಿದ್ದರು.

ಕನ್ನಡಕ ಮನೆಯಲ್ಲೇ ಬಿಟ್ಟು ಬಂದೆ, ನಾಳೆ ನೋಡಿ ಹೇಳುತ್ತೇನೆ ಎಂದೆ. ಹೇಳುವಾಗ ಅದು ನನ್ನ ಮೂಗಿನ ಮೇಲೇ ಇತ್ತು.